ಸಂವಾದ ರೂಪದ ವಿಜ್ಞಾನ ನಿರೂಪಣೆ

ವಿಜ್ಞಾನದ ವಿಷಯವನ್ನು ಇಬ್ಬರು ಅಥವಾ ಹೆಚ್ಚು ಜನರ ಮಾತುಕತೆಯ ಮೂಲಕ ಸಾಮಾನ್ಯ ಓದುಗರಿಗೂ ಕೇಳುಗರಿಗೂ ತಿಳಿಸುವ ಕ್ರಮ. ಇದರಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ: ಪಾತ್ರಗಳನ್ನು ಕಲ್ಪಿಸಿ ಬರೆದ ಸಂಭಾಷಣಾ ಗ್ರಂಥಗಳು, ಪ್ರಯೋಗಗಳನ್ನು ಕಣ್ಣೆದುರಿಗೆ ಮಾಡಿ ತೋರಿಸುತ್ತ ಸಭಿಕರೊಡನೆ ಮಾತಾಡುವ ಉಪನ್ಯಾಸಗಳು, ವಿಜ್ಞಾನಿಗಳೂ ಜನರೂ ಒಂದೆಡೆ ಕುಳಿತು ಚರ್ಚಿಸುವ ಅನೌಪಚಾರಿಕ ಕೂಟಗಳು. ಪ್ರಸ್ತುತ ಲೇಖನ ಮುಖ್ಯವಾಗಿ ಮೊದಲ ಬಗೆಯನ್ನು ಕುರಿತದ್ದು. ಉಳಿದೆರಡನ್ನು ಅದರ ಮುಂದುವರಿಕೆಯಾಗಿ ಪರಿಶೀಲಿಸಲಾಗಿದೆ.

ಲಕ್ಷಣಗಳು

ಈ ನಿರೂಪಣೆಯಲ್ಲಿ ಕನಿಷ್ಠ ಎರಡು ಪಾತ್ರಗಳಿರುತ್ತವೆ: ಬಲ್ಲವರು ಮತ್ತು ಕೇಳುವವರು. ಕೆಲವು ಕೃತಿಗಳಲ್ಲಿ ಇವರ ನಡುವೆ ಮೂರನೆಯವರೊಬ್ಬರು ಬರುತ್ತಾರೆ. ಅವರು ಯಾವ ಪಕ್ಷಕ್ಕೂ ಸೇರದ ಬುದ್ಧಿವಂತ ಗೃಹಸ್ಥರು, ಓದುಗರ ಪ್ರತಿನಿಧಿಗಳು. ಭಾಷೆ ಆಡುಮಾತಿಗೆ ಹತ್ತಿರ. ಉದಾಹರಣೆಗಳು ಮನೆ, ಅಡುಗೆ, ಪ್ರಯಾಣ, ಕಸುಬುಗಳಿಂದ ಆಯ್ದವು. ಪಾರಿಭಾಷಿಕ ಪದಗಳು ಅಗತ್ಯ ಬಿದ್ದಾಗ ಮಾತ್ರ ಬರುತ್ತವೆ.

ಪ್ರಕಾರದ ಯಶಸ್ಸು ಬಲ್ಲವರ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಕೇಳುವವರ ಸಂಶಯವನ್ನು ಅವಲಂಬಿಸಿದೆ. ಆಕ್ಷೇಪ ನಿಜವಾದದ್ದಾಗಿದ್ದರೆ ಉತ್ತರವೂ ಆಳಕ್ಕೆ ಇಳಿಯುತ್ತದೆ. ಕೇಳುವ ಪಾತ್ರ ಬರಿದೆ ತಲೆದೂಗುತ್ತ ಹೋದರೆ ಉಳಿಯುವುದು ತುಂಡುತುಂಡಾಗಿ ಕತ್ತರಿಸಿದ ಉಪನ್ಯಾಸ ಮಾತ್ರ.

ಪೂರ್ವೇತಿಹಾಸ

ಪ್ರಶ್ನೋತ್ತರದ ಮೂಲಕ ತತ್ತ್ವ ವಿಚಾರ ನಡೆಸುವುದು ಗ್ರೀಸ್‌ನಲ್ಲೂ ಭಾರತದಲ್ಲೂ ಪ್ರಾಚೀನ ಪದ್ಧತಿ. ಪ್ಲೇಟೊನ ಸಂವಾದಗಳೂ ಪಿಪ್ಪಲಾದನಿಗೆ ಆರು ಮಂದಿ ಒಂದೊಂದು ಪ್ರಶ್ನೆ ಹಾಕುವ ಪ್ರಶ್ನೋಪನಿಷತ್ತೂ ಇದಕ್ಕೆ ನಿದರ್ಶನ. ಇವುಗಳ ವಸ್ತು ಇಂದಿನ ಅರ್ಥದ ವಿಜ್ಞಾನವಲ್ಲ. ಎರಡನೆಯ ಭಾಸ್ಕರ 1150ರಲ್ಲಿ ರಚಿಸಿದ ಲೀಲಾವತಿ ನಮ್ಮ ವಿಷಯಕ್ಕೆ ಹೆಚ್ಚು ಸಮೀಪದ್ದು. ಅದರ ಅನೇಕ ಲೆಕ್ಕಗಳನ್ನು ಬಾಲೆಯೊಬ್ಬಳನ್ನೋ ಗೆಳೆಯನನ್ನೋ ಕರೆದು ಕೇಳಲಾಗಿದೆ. ಲೀಲಾವತಿ ಭಾಸ್ಕರನ ಮಗಳೆಂಬ ಕಥೆ ಹರಡಿದ್ದು ಮುಖ್ಯವಾಗಿ ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪರ್ಷಿಯನ್ ಅನುವಾದದಿಂದ. ಅದನ್ನು ಐತಿಹಾಸಿಕ ಸತ್ಯವೆಂದು ಸ್ವೀಕರಿಸುವುದು ಕಷ್ಟ. ಅಲ್ಲಿ ಸಂಬೋಧನೆ ಇದೆ, ಮರುಮಾತಿಲ್ಲ. ಆದ್ದರಿಂದ ಅದನ್ನು ಪೂರ್ಣ ಸಂವಾದವೆನ್ನಲಾಗದು. ಆದರೂ ಕಷ್ಟದ ಗಣಿತವನ್ನು ಸಲಿಗೆಯ ದನಿಯಲ್ಲಿ ಹೇಳಬಹುದೆಂಬುದನ್ನು ಅದು ಸ್ಥಾಪಿಸಿತು.

ಗೆಲಿಲಿಯೊ ಗೆಲಿಲಿ

ಆಧುನಿಕ ವಿಜ್ಞಾನದಲ್ಲಿ ಈ ಪ್ರಕಾರದ ಶ್ರೇಷ್ಠ ಕೃತಿಗಳು ಗೆಲಿಲಿಯೊನ ಎರಡು ಗ್ರಂಥಗಳು. ಮೊದಲನೆಯದು ಟಾಲೆಮಿ ಮತ್ತು ಕೊಪರ್ನಿಕಸ್ ವಿಶ್ವವ್ಯವಸ್ಥೆಗಳನ್ನು ಕುರಿತ ಸಂವಾದ. ಅದು 1632ರಲ್ಲಿ ಫ್ಲಾರೆನ್ಸ್‌ನಲ್ಲಿ ಪ್ರಕಟವಾಯಿತು. ವಿದ್ವಾಂಸರ ಲ್ಯಾಟಿನ್ ಬಿಟ್ಟು ಜನರ ಇಟಾಲಿಯನ್‌ನಲ್ಲಿ ಬರೆದದ್ದು ಅದರ ಮೊದಲ ವಿಶೇಷ. ವೆನಿಸ್‌ನ ಅರಮನೆಯೊಂದರಲ್ಲಿ ನಾಲ್ಕು ದಿನ ಮೂವರು ಮಾತಾಡುತ್ತಾರೆ. ಸಾಲ್ವಿಯಾಟಿ ಗೆಲಿಲಿಯೊನ ಪಕ್ಷ ವಹಿಸುತ್ತಾನೆ. ಸಿಂಪ್ಲಿಚಿಯೊ ಅರಿಸ್ಟಾಟಲನ ಅನುಯಾಯಿ. ಸಾಗ್ರೆಡೊ ತಿಳಿಯಲು ಬಂದ ವೆನಿಸ್‌ನ ಶ್ರೀಮಂತ. ಸಾಲ್ವಿಯಾಟಿ ಮತ್ತು ಸಾಗ್ರೆಡೊ ಗೆಲಿಲಿಯೊನ ನಿಜವಾದ ಗೆಳೆಯರ ಹೆಸರುಗಳು. ಪುಸ್ತಕ ಹೊರಬರುವ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು.

ಎರಡನೆಯ ದಿನದ ಮಾತುಕತೆಯಲ್ಲಿ ಹಡಗಿನ ಕೋಣೆಯ ಪ್ರಸಂಗ ಬರುತ್ತದೆ. ಭೂಮಿ ತಿರುಗುತ್ತಿದ್ದರೆ ನಮಗೇಕೆ ಗೊತ್ತಾಗುವುದಿಲ್ಲ ಎಂಬುದು ಪ್ರಶ್ನೆ. ಸಾಲ್ವಿಯಾಟಿ ಹೇಳುವುದಿಷ್ಟು: ದೊಡ್ಡ ಹಡಗಿನ ಒಳಕೋಣೆಯಲ್ಲಿ ಸ್ನೇಹಿತನೊಡನೆ ಕುಳಿತುಕೊಳ್ಳಿ. ಜೊತೆಗೆ ಒಂದಿಷ್ಟು ನೊಣ, ಚಿಟ್ಟೆಗಳಿರಲಿ, ಬೋಗುಣಿಯಲ್ಲಿ ಮೀನುಗಳಿರಲಿ. ಮೇಲೆ ತೂಗುಹಾಕಿದ ಸೀಸೆಯಿಂದ ಕೆಳಗಿನ ಪಾತ್ರೆಗೆ ನೀರು ತೊಟ್ಟಿಕ್ಕುತ್ತಿರಲಿ. ಹಡಗು ನಿಂತಿದ್ದಾಗ ಎಲ್ಲವನ್ನೂ ನೋಡಿಕೊಳ್ಳಿ. ಆಮೇಲೆ ಅದು ಅಲುಗಾಡದೆ ಒಂದೇ ವೇಗದಲ್ಲಿ ಸಾಗುವಾಗ ಮತ್ತೆ ನೋಡಿ. ಚಿಟ್ಟೆಗಳು ಹಿಂಗೋಡೆಗೆ ಹೋಗಿ ಬೀಳುವುದಿಲ್ಲ, ಹನಿ ಪಾತ್ರೆಯನ್ನು ತಪ್ಪುವುದಿಲ್ಲ, ಮೀನುಗಳು ಯಾವ ಕಡೆಗೂ ಅಷ್ಟೇ ಸಲೀಸಾಗಿ ಈಜುತ್ತವೆ. ಆಗ ಸಾಗ್ರೆಡೊ, ಸಮುದ್ರಯಾನದಲ್ಲಿ ತಾನು ಇವನ್ನೆಲ್ಲ ಪರೀಕ್ಷಿಸಿರಲಿಲ್ಲವಾದರೂ ಹಡಗು ನಿಂತಿದೆಯೋ ಸಾಗುತ್ತಿದೆಯೋ ತಿಳಿಯದೆ ಕೋಣೆಯಲ್ಲಿ ಯೋಚಿಸುತ್ತ ಕುಳಿತದ್ದುಂಟು ಎನ್ನುತ್ತಾನೆ. ಚಲನೆಯ ಸಾಪೇಕ್ಷತೆಯೆಂಬ ಭೌತವಿಜ್ಞಾನದ ಮೂಲಭೂತ ತತ್ತ್ವ ಪ್ರಯಾಣಿಕನೊಬ್ಬನ ನೆನಪಿನಿಂದ ಹೀಗೆ ಸಮರ್ಥನೆ ಪಡೆಯಿತು.

ಪೋಪ್ ಎಂಟನೆಯ ಅರ್ಬನ್‌ನಿಗೆ ಪ್ರಿಯವಾಗಿದ್ದ ವಾದವನ್ನು ಸಿಂಪ್ಲಿಚಿಯೊನ ಬಾಯಲ್ಲಿ ಹೇಳಿಸಿದ್ದು ಗೆಲಿಲಿಯೊನಿಗೆ ಮುಳುವಾದ ಕಾರಣಗಳಲ್ಲಿ ಒಂದೆಂದು ಚರಿತ್ರಕಾರರು ಭಾವಿಸುತ್ತಾರೆ. 1633ರ ಜೂನ್ 22ರಂದು ಧಾರ್ಮಿಕ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. ಪುಸ್ತಕ ನಿಷೇಧಕ್ಕೊಳಗಾಯಿತು. 1835ರ ನಿಷೇಧಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲ.

ಗೃಹಬಂಧನದಲ್ಲಿದ್ದಾಗ ಸಿದ್ಧಪಡಿಸಿದ ಎರಡನೆಯ ಗ್ರಂಥ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. ವಸ್ತುಗಳ ದೃಢತೆ ಮತ್ತು ಚಲನೆಯೆಂಬ ಎರಡು ಹೊಸ ವಿಜ್ಞಾನಗಳು ಅದರ ವಿಷಯ. ಪಾತ್ರಗಳು ಅವೇ ಮೂವರು. ವೆನಿಸ್‌ನ ಹಡಗುಕಟ್ಟೆಯ ಕುಶಲಕರ್ಮಿಗಳಿಂದ ಕಲಿಯಬೇಕಾದದ್ದು ಬಹಳವಿದೆ ಎಂಬ ಮಾತಿನಿಂದಲೇ ಚರ್ಚೆ ಆರಂಭವಾಗುತ್ತದೆ. ಮೊದಲ ದಿನದಲ್ಲಿ ಬರುವ ಎರಡು ಕಲ್ಲುಗಳ ವಾದ ಸಂವಾದ ಪದ್ಧತಿಯ ಶಕ್ತಿಗೆ ಅತ್ಯುತ್ತಮ ಸಾಕ್ಷಿಯಾದ್ದರಿಂದ ಅದನ್ನು ವಿವರವಾಗಿ ನೋಡಬೇಕು.

ಭಾರವಾದ ವಸ್ತು ಹಗುರವಾದದ್ದಕ್ಕಿಂತ ವೇಗವಾಗಿ ಬೀಳುತ್ತದೆ ಎಂಬುದು ಅರಿಸ್ಟಾಟಲ್ ಪಂಥದ ಮತ. ಅದರಂತೆ ದೊಡ್ಡ ಕಲ್ಲಿನ ವೇಗ 8, ಚಿಕ್ಕದರ ವೇಗ 4 ಎಂದಿಟ್ಟುಕೊಳ್ಳೋಣ ಎನ್ನುತ್ತಾನೆ ಸಾಲ್ವಿಯಾಟಿ. ಎರಡನ್ನೂ ಕಟ್ಟಿ ಬಿಟ್ಟರೆ ನಿಧಾನದ್ದು ವೇಗದ್ದನ್ನು ತಡೆಯುತ್ತದೆ. ಆದ್ದರಿಂದ ಜೋಡಿಯ ವೇಗ 8ಕ್ಕಿಂತ ಕಡಿಮೆಯಾಗಬೇಕು. ಆದರೆ ಜೋಡಿ ದೊಡ್ಡ ಕಲ್ಲಿಗಿಂತ ಭಾರ. ಆದ್ದರಿಂದ ವೇಗ 8ಕ್ಕಿಂತ ಹೆಚ್ಚಾಗಬೇಕು. ಒಂದೇ ಊಹೆಯಿಂದ ಎರಡು ವಿರುದ್ಧ ತೀರ್ಮಾನಗಳು ಬಂದವು. ಊಹೆಯೇ ತಪ್ಪು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಸಿಂಪ್ಲಿಚಿಯೊ ಬಿಡುವುದಿಲ್ಲ. ಚಿಕ್ಕ ಕಲ್ಲು ಸೇರಿದರೆ ತೂಕ ಹೆಚ್ಚಲೇಬೇಕಲ್ಲ, ತೂಕ ಹೆಚ್ಚಿದರೆ ವೇಗವೇಕೆ ಹೆಚ್ಚದು ಎಂದು ಪಟ್ಟು ಹಿಡಿಯುತ್ತಾನೆ. ಈ ಆಕ್ಷೇಪ ಸಾಲ್ವಿಯಾಟಿಯನ್ನು ಇನ್ನೊಂದು ಮೆಟ್ಟಿಲು ಕೆಳಗಿಳಿಸುತ್ತದೆ. ನಿಂತ ವಸ್ತುವಿನ ಮೇಲೆ ಭಾರ ಹೇರುವುದೇ ಬೇರೆ, ಬೀಳುತ್ತಿರುವ ವಸ್ತುವಿಗೆ ಜೊತೆಯಾಗುವುದೇ ಬೇರೆ ಎಂದು ಅವನು ವಿವರಿಸುತ್ತಾನೆ. ಹೆಗಲ ಮೇಲಿನ ಹೊರೆಯನ್ನು ನಾವು ತಡೆದು ನಿಂತಾಗ ಅದು ನಮ್ಮನ್ನು ಒತ್ತುತ್ತದೆ. ಹೊರೆಯಷ್ಟೇ ವೇಗದಲ್ಲಿ ನಾವೂ ಬೀಳುತ್ತಿದ್ದರೆ ಒತ್ತುವುದೆಲ್ಲಿಂದ? ಸ್ವತಂತ್ರವಾಗಿ ಬೀಳುವ ವಸ್ತುವಿಗೆ ಭಾರದ ಅನುಭವವಿರದು ಎಂಬ ವಿಚಾರ, ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಐನ್‌ಸ್ಟೈನ್‌ನ ಚಿಂತನೆಗೆ ಆಧಾರವಾದದ್ದು, ಇಲ್ಲಿ ಎದುರಾಳಿಯ ಹಟದಿಂದಾಗಿ ಬೆಳಕಿಗೆ ಬರುತ್ತದೆ. ತರ್ಕವೊಂದರಿಂದಲೇ ಅರಿಸ್ಟಾಟಲನ ಮತ ಬಿದ್ದುಹೋಗುತ್ತದೆಯೇ ಎಂಬ ಬಗ್ಗೆ ತತ್ತ್ವಜ್ಞರಲ್ಲಿ ಒಮ್ಮತವಿಲ್ಲ. ಗೆಲಿಲಿಯೊನೂ ತರ್ಕವನ್ನಷ್ಟೇ ನಂಬಿ ಕೂರಲಿಲ್ಲ. ಎತ್ತರದಿಂದ ಬಿಟ್ಟ ಫಿರಂಗಿ ಗುಂಡು ಬಂದೂಕಿನ ಗುಂಡಿಗಿಂತ ಒಂದು ಗೇಣಿನಷ್ಟೂ ಮುಂದಾಗದು ಎಂದು ಸಾಗ್ರೆಡೊನಿಂದ ಹೇಳಿಸಿದ್ದಾನೆ.

ಫಾಂಟೆನೆಲ್ ಮತ್ತು ಅನುಯಾಯಿಗಳು

ಫ್ರಾನ್ಸಿನ ಬರ್ನಾರ್ ದ ಫಾಂಟೆನೆಲ್ 1686ರಲ್ಲಿ ಲೋಕಗಳ ಬಹುತ್ವವನ್ನು ಕುರಿತ ಸಂಭಾಷಣೆಗಳನ್ನು ಪ್ರಕಟಿಸಿದ. ರಾತ್ರಿಯ ಹೊತ್ತು ತೋಟದಲ್ಲಿ ಅಡ್ಡಾಡುತ್ತ ವಿದ್ವಾಂಸನೊಬ್ಬ ಶ್ರೀಮಂತ ಮಹಿಳೆಗೆ ಕೊಪರ್ನಿಕಸ್‌ನ ಖಗೋಳವನ್ನು ತಿಳಿಸುವುದು ಅದರ ಚೌಕಟ್ಟು. ಅಫ್ರಾ ಬೆನ್ 1688ರಲ್ಲಿ ಅದನ್ನು ಇಂಗ್ಲಿಷಿಗೆ ತಂದಳು. ಇಟಲಿಯ ಅಲ್ಗರೋಟಿ 1737ರಲ್ಲಿ ನ್ಯೂಟನ್‌ನ ದ್ಯುತಿವಿಜ್ಞಾನವನ್ನು ಇದೇ ಮಾದರಿಯಲ್ಲಿ ಬರೆದ. ಇವುಗಳಿಂದ ಓದುಗವರ್ಗ ವಿಸ್ತರಿಸಿತು. ಆದರೆ ಬಲ್ಲವನು ಗಂಡಸು, ಕೇಳುವವಳು ಹೆಂಗಸು ಎಂಬ ರೂಢಿಯನ್ನೂ ಇವು ಗಟ್ಟಿಮಾಡಿದವು.

ಜೇನ್ ಮಾರ್ಸೆಟ್

ಆ ರೂಢಿಯನ್ನು ಮುರಿದವರಲ್ಲಿ ಲಂಡನ್ನಿನ ಜೇನ್ ಮಾರ್ಸೆಟ್ (1769–1858) ಪ್ರಮುಖಳು. ತಂದೆ ಸ್ವಿಸ್ ಮೂಲದ ವರ್ತಕ. ಗಂಡ ಅಲೆಕ್ಸಾಂಡರ್ ಮಾರ್ಸೆಟ್ ವೈದ್ಯ, ರಸಾಯನ ವಿಜ್ಞಾನದಲ್ಲಿ ಆಸಕ್ತ. ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಆಕೆ ಹೋಗುತ್ತಿದ್ದಳು. ಪ್ರಯೋಗಗಳು ವೇಗವಾಗಿ ಮುಗಿದುಹೋಗುತ್ತಿದ್ದವು, ವಿಷಯ ಅರಗುತ್ತಿರಲಿಲ್ಲ. ಮನೆಯಲ್ಲಿ ಸ್ನೇಹಿತರೊಬ್ಬರೊಡನೆ ಅದನ್ನೇ ಮಾತಾಡಿಕೊಂಡು ಪ್ರಯೋಗಗಳನ್ನು ಮಾಡಿ ನೋಡಿದಾಗ ಮುಂದಿನ ಉಪನ್ಯಾಸಗಳು ತಿಳಿಯತೊಡಗಿದವು. ಈ ಅನುಭವವನ್ನು ಆಕೆ ತನ್ನ ಪುಸ್ತಕದ ಮುನ್ನುಡಿಯಲ್ಲಿ ದಾಖಲಿಸಿದ್ದಾಳೆ. ಸಂಭಾಷಣೆಯ ರೂಪವನ್ನು ಅಲಂಕಾರಕ್ಕಾಗಿ ಅಲ್ಲ, ಕಲಿಕೆಯ ಉಪಾಯವೆಂದು ಆರಿಸಿಕೊಂಡದ್ದಕ್ಕೆ ಇದೇ ಕಾರಣ.

ರಸಾಯನ ವಿಜ್ಞಾನದ ಸಂಭಾಷಣೆಗಳು ಎಂಬ ಅರ್ಥದ ಹೆಸರುಳ್ಳ ಆ ಎರಡು ಸಂಪುಟಗಳು 1806ರ ಮುದ್ರೆಯೊಂದಿಗೆ ಲೇಖಕಿಯ ಹೆಸರಿಲ್ಲದೆ ಹೊರಬಂದವು. ಪಾತ್ರಗಳು ಮೂರು: ಅಧ್ಯಾಪಕಿ ಶ್ರೀಮತಿ ಬಿ., ಎಚ್ಚರದಿಂದ ಯೋಚಿಸುವ ಎಮಿಲಿ, ಆತುರದ ಕ್ಯಾರೊಲೈನ್. ರಸಾಯನ ವಿಜ್ಞಾನವೆಂದರೆ ಔಷಧಿ ಅಂಗಡಿಯ ವ್ಯವಹಾರ, ಅದರಲ್ಲಿ ಸ್ವಾರಸ್ಯವೇನಿದೆ ಎಂಬ ಧಾಟಿಯಲ್ಲಿ ಕ್ಯಾರೊಲೈನ್ ಮೊದಲೇ ಮೂಗು ಮುರಿಯುತ್ತಾಳೆ. ಅವಳಿಗೆ ಸ್ಫೋಟ, ಜ್ವಾಲೆ, ಬಣ್ಣಗಳು ಬೇಕು. ಎಮಿಲಿಗೆ ಕಾರಣ ಬೇಕು. ತರಗತಿಯಲ್ಲಿ ನಿಜವಾಗಿ ಕಾಣಸಿಗುವ ಎರಡು ಸ್ವಭಾವಗಳನ್ನು ಎದುರುಬದುರಾಗಿ ಕೂರಿಸಿದ್ದು ಮಾರ್ಸೆಟ್‌ಳ ಜಾಣ್ಮೆ. ಉಷ್ಣವನ್ನು ಒಂದು ದ್ರವ್ಯವೆಂದು ಬಗೆದ ಅಧ್ಯಾಯಗಳು ಇಂದು ಅಪ್ರಸ್ತುತ. ಡೇವಿ 1807ರಲ್ಲಿ ಪೊಟ್ಯಾಸಿಯಂ, ಸೋಡಿಯಂಗಳನ್ನು ಬೇರ್ಪಡಿಸಿದ್ದೇ ಮೊದಲಾದ ಹೊಸ ಸಂಗತಿಗಳನ್ನು ಆಕೆ ನಂತರದ ಆವೃತ್ತಿಗಳಲ್ಲಿ ಸೇರಿಸುತ್ತ ಹೋದಳು. ಇಂಗ್ಲೆಂಡಿನಲ್ಲಿ 1853ರವರೆಗೆ 16 ಆವೃತ್ತಿಗಳಾದವು. ಅಮೆರಿಕದಲ್ಲಿ ಅಧ್ಯಾಪಕರು ಪ್ರಶ್ನೆಗಳನ್ನು ಸೇರಿಸಿ ತಮ್ಮ ಹೆಸರಿನೊಂದಿಗೆ ಅಚ್ಚು ಹಾಕಿಸಿದರು. ಲೇಖಕಿಯ ಹೆಸರು ಬಹುಕಾಲ ಮರೆಯಲ್ಲಿತ್ತು.

ಆ ಪುಸ್ತಕ ತಲುಪಿದ ಅತ್ಯಂತ ಪ್ರಸಿದ್ಧ ಓದುಗ ಮೈಕೆಲ್ ಫ್ಯಾರಡೆ. ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ತನ್ನ ಕೈಗೆ ಬಂದ ಪ್ರತಿಯನ್ನು ಓದಿದ, ಅದರಲ್ಲಿ ಹೇಳಿದ ಸಣ್ಣ ಪ್ರಯೋಗಗಳನ್ನು ಮಾಡಿ ನೋಡಿದ, ಹೇಳಿದ್ದು ಸರಿಯೆಂದು ಕಂಡುಕೊಂಡ. ಮಾರ್ಸೆಟ್ ತೀರಿಕೊಂಡ ವರ್ಷ ಬರೆದ ಪತ್ರದಲ್ಲಿ ಆತ ಈ ಋಣವನ್ನು ತುಂಬು ಮನಸ್ಸಿನಿಂದ ಸ್ಮರಿಸಿದ್ದಾನೆ.

ಉಪನ್ಯಾಸದಲ್ಲಿ ಮಾತುಕತೆಯ ಧಾಟಿ

ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಮಕ್ಕಳಿಗಾಗಿ ಶುರುವಾದ ಕ್ರಿಸ್‌ಮಸ್ ಉಪನ್ಯಾಸಮಾಲೆಯನ್ನು, ಮುಂದೆ ವಿಜ್ಞಾನಿಯಾಗಿ ಬೆಳೆದ ಫ್ಯಾರಡೆ 19 ಬಾರಿ ನಡೆಸಿಕೊಟ್ಟ. 1860–61ರ ಚಳಿಗಾಲದಲ್ಲಿ ಮೇಣದಬತ್ತಿಯ ಮೇಲೆ ಕೊಟ್ಟ ಆರು ಉಪನ್ಯಾಸಗಳು 1861ರಲ್ಲಿ ಪುಸ್ತಕವಾದವು. ಉರಿಯುವ ಬತ್ತಿಯ ಸುತ್ತ ಮೇಲೇರುವ ಗಾಳಿ ಮೇಣದ ಹೊರ ಅಂಚನ್ನು ತಂಪಾಗಿಡುತ್ತದೆ. ಅದರಿಂದಲೇ ಕರಗಿದ ಮೇಣ ನಿಲ್ಲುವ ಬಟ್ಟಲು ತಾನಾಗಿ ರೂಪುಗೊಳ್ಳುತ್ತದೆ. ಬತ್ತಿಯನ್ನು ಆರಿಸಿದೊಡನೆ ಏಳುವ ಹೊಗೆಯ ಎಳೆಗೆ ಸ್ವಲ್ಪ ದೂರದಿಂದ ಕಿಡಿ ಸೋಕಿಸಿದರೆ ಜ್ವಾಲೆ ಆ ಎಳೆಯಲ್ಲೇ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಉರಿಯುವುದು ಮೇಣದ ಆವಿ ಎಂಬುದು ಮಕ್ಕಳಿಗೆ ಹೀಗೆ ಕಂಡೇ ತಿಳಿಯಿತು.

ವಿಜ್ಞಾನ ಕೆಫೆ

ಮಾರ್ಕ್ ಸೋಟೆ 1992ರಲ್ಲಿ ಪ್ಯಾರಿಸ್‌ನಲ್ಲಿ ಆರಂಭಿಸಿದ ತತ್ತ್ವಶಾಸ್ತ್ರ ಕೆಫೆಯ ಪ್ರೇರಣೆಯಿಂದ ಡಂಕನ್ ಡಲ್ಲಾಸ್ 1998ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಜ್ಞಾನ ಕೆಫೆಯನ್ನು ಶುರುಮಾಡಿದ. ಅತಿಥಿ ಸ್ವಲ್ಪ ಹೊತ್ತು ಮಾತಾಡುತ್ತಾರೆ. ವಿರಾಮದ ನಂತರ ಉಳಿದ ಸಮಯವೆಲ್ಲ ಸಭಿಕರ ಪ್ರಶ್ನೆಗಳಿಗೆ ಮೀಸಲು. ಈ ಕ್ರಮ ಅನೇಕ ದೇಶಗಳಿಗೆ ಹಬ್ಬಿದೆ.

ಕನ್ನಡ ನಾಡಿನಲ್ಲಿ

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ 'ವಿಜ್ಞಾನ' ಪತ್ರಿಕೆ (1918) ಕನ್ನಡದಲ್ಲಿ ವಿಜ್ಞಾನವನ್ನು ಜನರತ್ತ ಒಯ್ಯುವ ಆರಂಭದ ಮುಖ್ಯ ಪ್ರಯತ್ನ. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ವಾರದ ಉಪನ್ಯಾಸಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು.

ಸಂಭಾಷಣೆಯನ್ನೇ ಚೌಕಟ್ಟಾಗಿ ಮಾಡಿಕೊಂಡ ವಿಜ್ಞಾನ ಗ್ರಂಥಗಳು ಕನ್ನಡದಲ್ಲಿ ವಿರಳವೆನ್ನಬಹುದು. ಆದರೆ ಮಾತುಕತೆಯ ಜೀವಂತಿಕೆಯಲ್ಲಿ ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು' ಯಾವ ಭಾಷೆಯ ಕೃತಿಗೂ ಕಡಿಮೆಯಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯವಿಜ್ಞಾನದ ಮೇಷ್ಟ್ರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತುವ ಕಥನವದು. ಗಿಡದ ಲಕ್ಷಣ, ಅದರ ಹೆಸರಿನ ಹಿನ್ನೆಲೆ, ಹುಡುಗರ ತಂಟೆ, ಮೇಷ್ಟ್ರ ಮರುಮಾತು ಒಟ್ಟೊಟ್ಟಿಗೆ ಸಾಗುತ್ತವೆ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪೂರ್ಣಚಂದ್ರ ತೇಜಸ್ವಿ ಅವರ 'ಕರ್ವಾಲೊ' (1980) ಕಾದಂಬರಿಯಾದರೂ ಇಲ್ಲಿ ಪ್ರಸ್ತುತ. ಹಾರುವ ಓತಿಯನ್ನು ಅರಸುವ ಆ ಕಥೆಯಲ್ಲಿ ವಿಜ್ಞಾನಿ ಕರ್ವಾಲೊ ಹಳ್ಳಿಗ ಮಂದಣ್ಣನ ನೋಟವನ್ನು ಗೌರವದಿಂದ ಕೇಳಿಸಿಕೊಳ್ಳುತ್ತಾರೆ. ಬಲ್ಲವರು ಯಾರು, ಕೇಳುವವರು ಯಾರು ಎಂಬ ಹಳೆಯ ವಿಂಗಡಣೆ ಅಲ್ಲಿ ತಿರುಗಿನಿಲ್ಲುತ್ತದೆ.

ಮಿತಿಗಳು ಮತ್ತು ಮೌಲ್ಯ

ಸಂಭಾಷಣೆ ಹೆಚ್ಚು ಪುಟಗಳನ್ನು ಬೇಡುತ್ತದೆ. ಗಣಿತ ಗಾಢವಾದಂತೆ ಅದರ ಹಿಡಿತ ಸಡಿಲುತ್ತದೆ: ಗೆಲಿಲಿಯೊ ಕೂಡ 1638ರ ಗ್ರಂಥದಲ್ಲಿ ಚಲನೆಯ ಪ್ರಮೇಯಗಳಿಗೆ ಬಂದಾಗ ಲ್ಯಾಟಿನ್ ಪ್ರಬಂಧವನ್ನು ಸಾಲ್ವಿಯಾಟಿಯಿಂದ ಓದಿಸಬೇಕಾಯಿತು. ರಂಜನೆಯ ಆಸೆಗೆ ಬಿದ್ದರೆ ವಿಷಯ ತೆಳುವಾಗುವ ಅಪಾಯವೂ ಇದೆ. ಇಷ್ಟಾದರೂ, ಸಂಶಯಪಡುವುದು ಅವಮಾನವಲ್ಲ, ಅರಿವಿನ ಮೊದಲ ಹೆಜ್ಜೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ಕಲಿಸುವ ನಿರೂಪಣಾ ಕ್ರಮ ಇನ್ನೊಂದಿಲ್ಲ. ಇಂಥ ಯಾವುದೇ ಕೃತಿಯನ್ನು ಅಳೆಯಲು ಸರಳವಾದ ಒಂದು ಪರೀಕ್ಷೆ ಸಾಕು: ಕೇಳುವ ಪಾತ್ರವನ್ನು ತೆಗೆದುಹಾಕಿದರೆ ವಿಜ್ಞಾನದಲ್ಲಿ ಏನಾದರೂ ನಷ್ಟವಾಗುತ್ತದೆಯೇ ಎಂದು ನೋಡುವುದು. ನಷ್ಟವಾಗುವುದಾದರೆ ಅದು ನಿಜವಾದ ಸಂವಾದ.