ರಿವಾಲ್ವರ್ ಹೋಲ್ಸ್ಟರ್ ಮತ್ತು ಬೆಲ್ಟ್

ರಿವಾಲ್ವರನ್ನು ಮೈಮೇಲೆ ಭದ್ರವಾಗಿ ಇಟ್ಟುಕೊಳ್ಳಲು ಮತ್ತು ಬೇಕೆಂದಾಗ ಒಂದೇ ಕೈಯಿಂದ ಹೊರತೆಗೆಯಲು ಬಳಸುವ ಒರೆಗೆ ಹೋಲ್ಸ್ಟರ್ ಎಂದು ಹೆಸರು. ಅದನ್ನು ಸೊಂಟಕ್ಕೆ ಬಿಗಿಯುವ ಬೆಲ್ಟ್ ಈ ಸಲಕರಣೆಯ ಇನ್ನೊಂದು ಅಂಗ. ಕಿಲೋಗ್ರಾಂಗಿಂತ ಹೆಚ್ಚು ತೂಗುವ ದೊಡ್ಡ ರಿವಾಲ್ವರಿನ ವಿಷಯದಲ್ಲಿ ಇವೆರಡನ್ನೂ ಬೇರ್ಪಡಿಸಿ ನೋಡಲಾಗದು: ಆಯುಧವನ್ನು ಹಿಡಿದಿಡುವುದು ಒರೆ, ಭಾರ ಹೊರುವುದು ಬೆಲ್ಟ್. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಇವುಗಳ ರೂಪ ಬದಲಾಗುತ್ತಲೇ ಬಂದಿದೆ. ಕುದುರೆ ಸವಾರ, ಕಾಲಾಳು, ಕಾರಿನಲ್ಲಿ ಗಸ್ತು ತಿರುಗುವ ಪೊಲೀಸ್, ಬೇಟೆಗಾರ ಎಂದು ಹೊರುವವರು ಬದಲಾದಂತೆಲ್ಲ ಹಿತವಾಗಿ ಹೊರುವ ಬಗೆಯೂ ಬದಲಾಯಿತು.

ಜೀನಿನಿಂದ ಸೊಂಟಕ್ಕೆ

ರಿವಾಲ್ವರಿಗೆ ಮುಂಚೆ ಯುರೋಪಿನ ಅಶ್ವದಳಗಳು ಉದ್ದ ನಳಿಗೆಯ ಪಿಸ್ತೂಲುಗಳನ್ನು ಜೀನಿನ ಮುಂಭಾಗದ ಎರಡೂ ಪಕ್ಕಕ್ಕೆ ಇಳಿಬಿಟ್ಟ ಚರ್ಮದ ಚೀಲಗಳಲ್ಲಿ ಇಡುತ್ತಿದ್ದವು. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ರಿವಾಲ್ವರಿಗೆ ಅಲ್ಲಿನ ಪೇಟೆಂಟ್ ಪಡೆದ. 1847ರಲ್ಲಿ ಬಂದ ಅವನ ವಾಕರ್ ಮಾದರಿ ಸುಮಾರು 2 ಕಿಲೋಗ್ರಾಂ ತೂಗುತ್ತಿತ್ತು. ಅದರ ಉದ್ದ ಸುಮಾರು 39 ಸೆಂಟಿಮೀಟರ್. ಸೊಂಟಕ್ಕೆ ಕಟ್ಟಿಕೊಂಡು ಓಡಾಡಲು ಇದು ತೀರ ಭಾರವಾದ್ದರಿಂದ ಹಳೆಯ ಪದ್ಧತಿಯಂತೆ ಜೀನಿನ ಚೀಲದಲ್ಲೇ ಉಳಿಯಿತು. ಹೊರೆ ಕುದುರೆಯ ಪಾಲಿಗೆ ಬಂದರೂ ಒಂದು ತೊಡಕಿತ್ತು: ಸವಾರ ಕೆಳಗಿಳಿದರೆ ಅಥವಾ ಬಿದ್ದರೆ ಆಯುಧ ಕುದುರೆಯೊಂದಿಗೇ ಹೋಗುತ್ತಿತ್ತು.

ಸುಮಾರು 1.2 ಕಿಲೋಗ್ರಾಂ ತೂಕದ, ಕೋಲ್ಟನ 1851ರ ನೇವಿ ಮಾದರಿ ಈ ತೊಡಕನ್ನು ಕಳೆಯಿತು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸುದ್ದಿ ಹರಡಿ ಜನ ಅಲ್ಲಿಗೆ ನುಗ್ಗುತ್ತಿದ್ದ ಕಾಲ ಅದು. ಅಲ್ಲಿನ ಜೀನುಗಾರರು ರಿವಾಲ್ವರಿನ ಆಕಾರಕ್ಕೇ ಕತ್ತರಿಸಿ ಹೊಲಿದ, ಹಿಂಬದಿಯಲ್ಲಿ ಬೆಲ್ಟ್ ತೂರಿಸುವ ಕುಣಿಕೆಯಿದ್ದ ತೆಳು ಒರೆಯನ್ನು ರೂಪಿಸಿದರು. ‘ಕ್ಯಾಲಿಫೋರ್ನಿಯಾ ಮಾದರಿ’ ಎನಿಸಿಕೊಂಡ ಇದು ಸೊಂಟದ ಹೋಲ್ಸ್ಟರಿನ ಮೊದಲ ಜನಪ್ರಿಯ ರೂಪ.

ಸೈನ್ಯದ ಅಗತ್ಯ ಬೇರೆಯಿತ್ತು. ಮದ್ದು ಒದ್ದೆಯಾಗಬಾರದೆಂದು, ಕುದುರೆ ಓಡುವಾಗ ಆಯುಧ ಜಾರಬಾರದೆಂದು ಅಮೆರಿಕದ ಅಶ್ವದಳ ದೊಡ್ಡ ಮುಚ್ಚಳವಿದ್ದ ಒರೆಯನ್ನು ಆರಿಸಿಕೊಂಡಿತು. ಬಲಗೈ ಕತ್ತಿಗೆ ಮೀಸಲಾಗಿತ್ತು. ಹಾಗಾಗಿ ಬಲಸೊಂಟದ ಒರೆಯಲ್ಲಿ ರಿವಾಲ್ವರಿನ ಹಿಡಿ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು.

ತೋಟಾ ಮತ್ತು ಅಗಲ ಬೆಲ್ಟ್

ಸಿಲಿಂಡರಿನ ಹಿಂಬದಿಯಿಂದ ಲೋಹದ ತೋಟಾ ತುಂಬುವ ವಿಧಾನಕ್ಕೆ ರಾಲಿನ್ ವೈಟ್ ಪಡೆದಿದ್ದ ಪೇಟೆಂಟಿನ ಅವಧಿ 1869ರಲ್ಲಿ ಮುಗಿಯಿತು. ಆಮೇಲೆ 1873ರಲ್ಲಿ ಅಂಥ ತೋಟಾ ಬಳಸುವ, ಕೋಲ್ಟ್ ಕಂಪನಿಯ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರ್ ಬಂತು. ಮದ್ದು, ಗುಂಡುಗಳನ್ನು ಬಿಡಿಬಿಡಿಯಾಗಿ ಒಯ್ಯುವ ಕಾಲ ಮುಗಿದು, ತೋಟಾಗಳನ್ನು ಸಾಲಾಗಿ ಸಿಕ್ಕಿಸುವ ಕುಣಿಕೆಗಳುಳ್ಳ ಅಗಲ ಬೆಲ್ಟ್ ಬಳಕೆಗೆ ಬಂತು. ಚರ್ಮವನ್ನು ಮಡಚಿ ಹೊಲಿದು ಒಳಗೆ ನಾಣ್ಯ ಇಡಲು ಟೊಳ್ಳು ಬಿಟ್ಟ ಬೆಲ್ಟುಗಳೂ ಇದ್ದವು. ಅಗಲ ಹೆಚ್ಚಿದಂತೆ ಭಾರ ಸೊಂಟದ ಸುತ್ತ ಹರಡಿ ಒಂದೇ ಕಡೆ ಒತ್ತುವುದು ಕಡಿಮೆಯಾಯಿತು. ಇದೇ ಕಾಲದಲ್ಲಿ ‘ಮೆಕ್ಸಿಕನ್ ಕುಣಿಕೆ’ಯ ಒರೆ ಹಬ್ಬಿತು. ಒರೆಯ ಹಿಂಬದಿಯ ಅಗಲ ಚರ್ಮವನ್ನು ಕೆಳಕ್ಕೆ ಮಡಚಿ, ಅದರಲ್ಲಿ ಸೀಳು ಕೊಯ್ದು, ಒರೆಯನ್ನು ಆ ಸೀಳಿನಲ್ಲೇ ತೂರಿಸಿದರೆ ಕುಣಿಕೆ ಸಿದ್ಧ. ಹೊಲಿಗೆ ಕಡಿಮೆ, ಬಾಳಿಕೆ ಹೆಚ್ಚು.

ಭಾರತದಲ್ಲಿ ಹುಟ್ಟಿದ ಬೆಲ್ಟ್

ಬ್ರಿಟಿಷ್ ಸೈನ್ಯದ ಪ್ರಸಿದ್ಧ ಸ್ಯಾಮ್ ಬ್ರೌನ್ ಬೆಲ್ಟಿನ ಮೂಲ ಭಾರತದಲ್ಲಿದೆ. ಬಂಗಾಳದ ಬ್ಯಾರಕ್‌ಪುರದಲ್ಲಿ 1824ರಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಬ್ರೌನ್ ಎಂಬ ಸೇನಾಧಿಕಾರಿ 1858ರ ಕಾಳಗವೊಂದರಲ್ಲಿ ಎಡಗೈ ಕಳೆದುಕೊಂಡ. ಕತ್ತಿಯ ಒರೆಯನ್ನು ಎಡಗೈಯಿಂದ ಹಿಡಿದು ನಿಲ್ಲಿಸಲಾಗದೆ, ಅದನ್ನು ಅಲುಗದಂತೆ ಹಿಡಿದಿಡುವ ಅಗಲ ಬೆಲ್ಟನ್ನೂ ಭುಜದ ಮೇಲೆ ಅಡ್ಡ ಹಾಯುವ ಪಟ್ಟಿಯನ್ನೂ ಮಾಡಿಸಿಕೊಂಡ. ಎಡಪಕ್ಕದಲ್ಲಿ ಕತ್ತಿ, ಬಲಪಕ್ಕದಲ್ಲಿ ಮುಚ್ಚಳದ ಒರೆಯೊಳಗೆ ರಿವಾಲ್ವರ್; ಭಾರದ ಒಂದು ಪಾಲನ್ನು ಭುಜ ಹೊರುತ್ತಿತ್ತು. ಇತರ ಅಧಿಕಾರಿಗಳೂ ಇದನ್ನು ಅನುಸರಿಸಿದರು. 1887ರಲ್ಲಿ ಬ್ರಿಟಿಷ್ ಸೇನೆ ವೆಬ್ಲಿ ರಿವಾಲ್ವರನ್ನು ಅಂಗೀಕರಿಸಿದ ಮೇಲೆ ಆ ರಿವಾಲ್ವರೂ ಸ್ಯಾಮ್ ಬ್ರೌನ್ ಬೆಲ್ಟೂ ಜೋಡಿಯಾದವು. ಸ್ವಾತಂತ್ರ್ಯಾನಂತರವೂ ಭಾರತದ ಸೇನಾಧಿಕಾರಿಗಳ ಮತ್ತು ಪೊಲೀಸ್ ಅಧಿಕಾರಿಗಳ ವಿಧ್ಯುಕ್ತ ಸಮವಸ್ತ್ರದಲ್ಲಿ ಈ ಬೆಲ್ಟ್ ಉಳಿದುಕೊಂಡಿದೆ. ಬ್ರಿಟಿಷ್ ಸೇನೆಯ 1937ರ ಮಾದರಿಯ ಸಲಕರಣೆಗಳಲ್ಲಿ ಚರ್ಮದ ಬದಲು ಹತ್ತಿಯ ದಪ್ಪ ಕ್ಯಾನ್ವಾಸ್ ಒರೆ ಬಂತು.

ಪೊಲೀಸರು ಮತ್ತು ಸಿನಿಮಾ

ಇಪ್ಪತ್ತನೆಯ ಶತಮಾನದಲ್ಲಿ ಹೋಲ್ಸ್ಟರಿನ ಹೊಸ ಪ್ರಯೋಗಗಳು ಹೆಚ್ಚಾಗಿ ಪೊಲೀಸರಿಗಾಗಿ ನಡೆದವು. 1920ರ ದಶಕದಲ್ಲಿ ಟೆಕ್ಸಾಸಿನ ಎಲ್ ಪಾಸೊ ನಗರದ ಪೊಲೀಸ್ ಅಧಿಕಾರಿ ಟಾಮ್ ತ್ರೀಪರ್ಸನ್ಸ್ ಹೆಸರಿನ ಒರೆಯನ್ನು ಎಸ್. ಡಿ. ಮೈರ್ಸ್ ಜೀನು ಕಾರ್ಖಾನೆ ತಯಾರಿಸಿತು. ಹೆಚ್ಚುವರಿ ಚರ್ಮವನ್ನೆಲ್ಲ ತೆಗೆದುಹಾಕಿ, ಹಿಡಿ ತುಸು ಮುಂದಕ್ಕೆ ಬಾಗುವಂತೆ ಓರೆಯಾಗಿ ಕೂರಿಸಿದ ಈ ವಿನ್ಯಾಸ ಮುಂದಿನ ಅನೇಕ ಒರೆಗಳಿಗೆ ಮಾದರಿಯಾಯಿತು. ಆದರೆ ಟ್ರಿಗರ್ ಮುಚ್ಚದೆ ಬಿಟ್ಟದ್ದು ಇಂದಿನ ಸುರಕ್ಷತೆಯ ದೃಷ್ಟಿಯಿಂದ ದೋಷವೇ. 1935ರಲ್ಲಿ .357 ಮ್ಯಾಗ್ನಂ, 1955ರಲ್ಲಿ .44 ಮ್ಯಾಗ್ನಂ ತೋಟಾಗಳು ಬಂದು ದೊಡ್ಡ ಚೌಕಟ್ಟಿನ ರಿವಾಲ್ವರುಗಳ ಬಳಕೆ ಹೆಚ್ಚಿತು. ಅಮೆರಿಕದ ಗಡಿ ಗಸ್ತು ದಳದ ಬಿಲ್ ಜೋರ್ಡಾನ್ ರೂಪಿಸಿದ ಒರೆಯಲ್ಲಿ ಲೋಹದ ಪಟ್ಟಿಯೊಂದು ಆಯುಧವನ್ನು ಮೈಯಿಂದ ತುಸು ದೂರ ನಿಲ್ಲಿಸುತ್ತಿತ್ತು. ಎದುರಾಳಿ ಆಯುಧ ಕಸಿಯದಂತೆ ತಡೆಯುವ, ಹೆಬ್ಬೆರಳಿನಿಂದ ಬಿಚ್ಚುವ ಗುಂಡಿಪಟ್ಟಿಗಳು ಆಮೇಲೆ ಸಾಮಾನ್ಯವಾದವು.

ಪಾಶ್ಚಿಮಾತ್ಯ ಗಡಿನಾಡಿನ ಹೋಲ್ಸ್ಟರ್ ಎಂದು ಲೋಕಕ್ಕೆ ಪರಿಚಿತವಾಗಿರುವ ರೂಪ ವಾಸ್ತವವಾಗಿ ಆ ಕಾಲದ್ದಲ್ಲ. ಬೆಲ್ಟಿನಲ್ಲೇ ಸೀಳು ಕೊಯ್ದು ತೊಡೆಯವರೆಗೆ ಇಳಿಬಿಡುವ ‘ಬುಸ್ಕಡೆರೊ’ ಒರೆ 1920ರ ದಶಕದಲ್ಲಿ ಕಾಣಿಸಿಕೊಂಡು ಹಾಲಿವುಡ್ ಚಿತ್ರಗಳಿಂದ ಪ್ರಸಿದ್ಧವಾಯಿತು. 1950ರ ದಶಕದಲ್ಲಿ ಆರ್ವೊ ಒಹಾಲ ಎಂಬಾತ ಒಳಗೆ ಲೋಹದ ತಗಡು ಹೊಂದಿಸಿದ ಒರೆಯನ್ನು ನಟರಿಗಾಗಿ ಮಾಡಿಕೊಟ್ಟ. ಕ್ಷಣಾರ್ಧದಲ್ಲಿ ಆಯುಧ ತೆಗೆದು ತೋರಿಸಲು ಇದು ತಕ್ಕದ್ದು. ದಿನವಿಡೀ ಹೊತ್ತು ತಿರುಗಲು ತೊಡೆಗೆ ಬಡಿಯುವ ಈ ಒರೆ ಅನುಕೂಲವಲ್ಲ.

1980ರ ದಶಕದಿಂದ ಅಮೆರಿಕದ ಪೊಲೀಸರು ಅರೆ-ಸ್ವಯಂಚಾಲಿತ ಪಿಸ್ತೂಲುಗಳಿಗೆ ಹೊರಳಿದರು. ದೊಡ್ಡ ರಿವಾಲ್ವರ್ ಮುಖ್ಯವಾಗಿ ಬೇಟೆಗಾರರಲ್ಲಿ, ಕರಡಿಗಳಿರುವ ಅಲಾಸ್ಕದಂಥ ಕಾಡುಗಳಲ್ಲಿ ಓಡಾಡುವವರಲ್ಲಿ ಉಳಿಯಿತು. 2003ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ಕಂಪನಿಯ 500 ಮಾದರಿ ಉದ್ದ ನಳಿಗೆಯಿದ್ದಾಗ ಸುಮಾರು 2 ಕಿಲೋಗ್ರಾಂ ತೂಗುತ್ತದೆ. ಇಂಥವುಗಳಿಗೆ ಪಟ್ಟಿಗಳಿಂದ ಎದೆಗೆ ಕಟ್ಟುವ ಒರೆ ಬಳಕೆಯಲ್ಲಿದೆ. ಬೆನ್ನುಚೀಲದ ಸೊಂಟಪಟ್ಟಿಗೆ ಇದು ಅಡ್ಡಬರುವುದಿಲ್ಲ, ನೀರು ದಾಟುವಾಗಲೂ ಆಯುಧ ಎತ್ತರದಲ್ಲಿರುತ್ತದೆ.

ಸಾಮಗ್ರಿ ಮತ್ತು ಆಯ್ಕೆ

ಮರದ ತೊಗಟೆಯ ಒಗರಿನಿಂದ ಹದ ಮಾಡಿದ ದನದ ಚರ್ಮ ಇಂದಿಗೂ ಮುಖ್ಯ ಸಾಮಗ್ರಿ. ಅದನ್ನು ನೆನೆಸಿ, ಆಯುಧದ ಅಚ್ಚಿನ ಮೇಲೆ ಒತ್ತಿ ಒಣಗಿಸಿದರೆ ಆ ಆಕಾರವೇ ನಿಲ್ಲುತ್ತದೆ. ಕ್ರೋಮ್ ಲವಣಗಳಿಂದ ಹದ ಮಾಡಿದ ಚರ್ಮ ಮೆತ್ತಗಿದ್ದು ಆಕಾರ ಹಿಡಿಯದು, ಲೋಹಕ್ಕೂ ಒಗ್ಗದು. ನೈಲಾನ್ ಅಗ್ಗ ಮತ್ತು ಹಗುರ. 1960ರ ದಶಕದಲ್ಲಿ ವಿಮಾನಗಳ ಒಳಭಾಗಕ್ಕೆಂದು ತಯಾರಾದ ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗಿ ಅಚ್ಚಿನಂತೆ ರೂಪ ತಾಳುತ್ತದೆ, ನೀರು ಹೀರುವುದಿಲ್ಲ.

ಹೋಲ್ಸ್ಟರ್ ಆಯಾ ಮಾದರಿಯ ರಿವಾಲ್ವರಿಗೆ ಸರಿಹೊಂದಬೇಕು, ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಓಡಿದರೂ ಬಗ್ಗಿದರೂ ಆಯುಧವನ್ನು ಬಿಡಬಾರದು. ಬೆಲ್ಟಿಗೆ ಎರಡು ಪದರ ಚರ್ಮ ಕೂಡಿಸಿ ಹೊಲಿದದ್ದು ಲೇಸು. ಒಂದೇ ಪದರದ ಮೆತ್ತನೆಯ ಬೆಲ್ಟ್ ಭಾರಕ್ಕೆ ತಿರುಚಿಕೊಂಡು ಒರೆ ಹೊರಕ್ಕೆ ವಾಲುತ್ತದೆ. ಸಾಮಾನ್ಯ ಅಗಲ 38ರಿಂದ 45 ಮಿಲಿಮೀಟರ್, ಪೊಲೀಸರ ಕರ್ತವ್ಯದ ಬೆಲ್ಟಿಗೆ ಸುಮಾರು 57 ಮಿಲಿಮೀಟರ್. ಒರೆಯ ಕುಣಿಕೆ ಮತ್ತು ಬೆಲ್ಟಿನ ಅಗಲ ಒಂದೇ ಆಗಿರದಿದ್ದರೆ ಒರೆ ಹಿಂದುಮುಂದಾಗಿ ಸರಿಯುತ್ತದೆ. ನಿಂತು ನಡೆಯುವವರಿಗೆ ಬಲಸೊಂಟದ ತುಸು ಹಿಂದಿನ ಸ್ಥಾನ ಅನುಕೂಲ. ಕುದುರೆಯ ಮೇಲೆ ಅಥವಾ ಕಾರಿನಲ್ಲಿ ಹೆಚ್ಚು ಕೂರುವವರಿಗೆ ಉದ್ದ ನಳಿಗೆ ಆಸನಕ್ಕೆ ತಾಗುವುದರಿಂದ ಎಡಪಕ್ಕದಲ್ಲಿ ಅಡ್ಡಕ್ಕೆ ಕಟ್ಟುವ ಒರೆಯೋ ಭುಜದ ಒರೆಯೋ ಹಿತ. ಚರ್ಮ ತೇವ ಹೀರಿ ಲೋಹಕ್ಕೆ ತುಕ್ಕು ಹಿಡಿಸುವುದರಿಂದ ಆಯುಧವನ್ನು ಒರೆಯಲ್ಲೇ ಬಹುಕಾಲ ಇಡುವುದು ಸಲ್ಲದು.

ಭಾರತದಲ್ಲಿ 1959ರ ಆಯುಧ ಕಾಯ್ದೆಯಂತೆ ರಿವಾಲ್ವರ್ ಹೊಂದಲು ಪರವಾನಗಿ ಬೇಕು. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಉಳ್ಳವರು ಸಾರ್ವಜನಿಕ ಸ್ಥಳದಲ್ಲಿ ಅದನ್ನು ಹೋಲ್ಸ್ಟರಿನಲ್ಲೋ ಅದಕ್ಕೆ ತಕ್ಕ ಚೀಲದಲ್ಲೋ ಇಟ್ಟು ಒಯ್ಯಬೇಕು. ಅಲ್ಲಿ ಅದನ್ನು ಝಳಪಿಸುವುದು ನಿಷಿದ್ಧ.