ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆ: ಇಂಗ್ಲಿಷ್ ಬಾರದ ಅಪ್ಪ-ಅಮ್ಮನೂ ಮಕ್ಕಳನ್ನು ಓದಿಸಬಹುದು, ಹೀಗೆ

ಮಡಂತ್ಯಾರು: ಮಾರ್ಚ್ ತಿಂಗಳು ಬಂತೆಂದರೆ ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಟಿವಿ ಸದ್ದು ಕಡಿಮೆಯಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಮನೆಯಲ್ಲಿ ಇನ್ನೊಂದು ಮಾತೂ ಕೇಳಿಬರುತ್ತದೆ: "ಗಣಿತಕ್ಕೆ ಟ್ಯೂಷನ್ ಇದೆ, ಸಮಾಜ ಅವನೇ ಓದ್ತಾನೆ, ಇಂಗ್ಲಿಷ್ ಮಾತ್ರ ನಮಗೆ ಹೇಳಿಕೊಡ್ಲಿಕ್ಕೆ ಗೊತ್ತಿಲ್ಲ."

ಮಡಂತ್ಯಾರು, ಪುಂಜಾಲಕಟ್ಟೆ, ಗುರುವಾಯನಕೆರೆ, ವೇಣೂರು, ಎಲ್ಲಿ ಹೋದರೂ ಇದೇ ಮಾತು. ಆದರೆ ದ್ವಿತೀಯ ಭಾಷೆ ಇಂಗ್ಲಿಷ್‌ನ ಪಠ್ಯಪುಸ್ತಕವನ್ನೂ ಪ್ರಶ್ನೆಪತ್ರಿಕೆಯನ್ನೂ ಸ್ವಲ್ಪ ಬಿಡಿಸಿ ನೋಡಿದರೆ, ಇಂಗ್ಲಿಷ್ ಬಾರದ ಹೆತ್ತವರು ಮಾಡಬಹುದಾದ ಕೆಲಸವೇ ಅದರಲ್ಲಿ ಬೇಕಾದಷ್ಟಿದೆ.

ಅಂಕಗಳ ಲೆಕ್ಕ

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಕನ್ನಡ ಪ್ರಥಮ ಭಾಷೆಯಾಗಿರುವ ಮಕ್ಕಳಿಗೆ ಸಾಮಾನ್ಯವಾಗಿ ಇಂಗ್ಲಿಷ್ ದ್ವಿತೀಯ ಭಾಷೆ. ಅದರ 100ರಲ್ಲಿ 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನದ್ದು, 80 ಅಂಕ ಲಿಖಿತ ಪರೀಕ್ಷೆಯದ್ದು.

ಕಳೆದ ಕೆಲವು ವರ್ಷಗಳ ಮಾದರಿಯಂತೆ 80 ಅಂಕಕ್ಕೆ 38 ಪ್ರಶ್ನೆಗಳು:

- 1 ಅಂಕದ್ದು 16 (ಅದರಲ್ಲಿ 4 ಬಹು ಆಯ್ಕೆ) – 16 ಅಂಕ
- 2 ಅಂಕದ್ದು 8 – 16 ಅಂಕ
- 3 ಅಂಕದ್ದು 9 – 27 ಅಂಕ
- 4 ಅಂಕದ್ದು 4 – 16 ಅಂಕ
- 5 ಅಂಕದ ಪತ್ರ ಲೇಖನ 1 – 5 ಅಂಕ

ಸಮಯ ಬೆಳಿಗ್ಗೆ 10ರಿಂದ ಮಧ್ಯಾಹ್ನ 1. ಪ್ರಶ್ನೆಪತ್ರಿಕೆ ಓದಲಿಕ್ಕೆ ಕೊಡುವ 15 ನಿಮಿಷವೂ ಇದರೊಳಗೇ ಬರುತ್ತದೆ.

ಎಡವುವುದು ಎಲ್ಲಿ?

ನಮ್ಮ ಹೆಚ್ಚಿನ ಮಕ್ಕಳು ಇಂಗ್ಲಿಷನ್ನು ಓದುವುದಿಲ್ಲ, ಬಾಯಿಪಾಠ ಮಾಡುತ್ತಾರೆ. ಗೈಡ್‌ನಲ್ಲಿರುವ ಉತ್ತರವನ್ನು ಅರ್ಥ ಗೊತ್ತಿಲ್ಲದೆ ಹತ್ತು ಸಲ ಹೇಳಿ, ಹತ್ತು ಸಲ ಬರೆದು ಕಲಿಯುತ್ತಾರೆ. ಗೈಡ್‌ನಲ್ಲಿದ್ದ ಹಾಗೆಯೇ ಪ್ರಶ್ನೆ ಬಂದರೆ ಸರಿ. ಒಂದೆರಡು ಶಬ್ದ ಬದಲಾದರೂ ಕೈ ನಿಂತುಹೋಗುತ್ತದೆ.

ಒಂದು ಉದಾಹರಣೆ ನೋಡಿ. ಪಠ್ಯದಲ್ಲಿ 'ಜಂಟಲ್‌ಮ್ಯಾನ್ ಆಫ್ ರಿಯೊ ಎನ್ ಮೆದಿಯೊ' ಅಂತ ಒಂದು ಪಾಠವಿದೆ. ಡಾನ್ ಆನ್ಸೆಲ್ಮೊ ಎಂಬ ಮುದುಕ ತನ್ನ ಜಾಗವನ್ನು 1,200 ಡಾಲರಿಗೆ ಮಾರಲು ಒಪ್ಪಿರುತ್ತಾನೆ. ಸರ್ವೆ ಮಾಡುವಾಗ ಜಾಗ ಹೆಚ್ಚಿದೆ ಎಂದು ಗೊತ್ತಾಗುತ್ತದೆ. ಕೊಳ್ಳುವವರು ಸುಮಾರು ದುಪ್ಪಟ್ಟು ಹಣ ಕೊಡುತ್ತೇವೆ ಅಂದರೂ ಆತ ತೆಗೆದುಕೊಳ್ಳುವುದಿಲ್ಲ. ಮಾತು ಕೊಟ್ಟದ್ದು ಇಷ್ಟಕ್ಕೆ, ಸಾಕು ಅನ್ನುತ್ತಾನೆ. ಆಮೇಲೆ ಊರಿನ ಮಕ್ಕಳೆಲ್ಲ ಆ ತೋಟಕ್ಕೆ ಬರಲು ಶುರು ಮಾಡುತ್ತಾರೆ. ಕೇಳಿದರೆ, ಜಾಗ ಮಾರಿದ್ದು ನಿಜ, ಮರಗಳನ್ನು ಮಾರಿಲ್ಲ, ಪ್ರತಿ ಮಗು ಹುಟ್ಟಿದಾಗ ಒಂದೊಂದು ಗಿಡ ನೆಟ್ಟಿದ್ದೇನೆ, ಅವು ಆ ಮಕ್ಕಳದ್ದು ಅನ್ನುತ್ತಾನೆ.

ಅಡಿಕೆ ತೋಟ, ಸರ್ವೆ, ಪಾಲುಪಟ್ಟಿ ಕಂಡ ನಮ್ಮ ಊರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾ? ಕಥೆ ಗೊತ್ತಿದ್ದ ಮಗುವಿಗೆ "ಹೆಚ್ಚಿನ ಹಣ ಯಾಕೆ ಬೇಡ ಅಂದ?" ಎಂದು ಕೇಳಿದರೂ, "ಆತ ಮಾತಿಗೆ ತಪ್ಪದವ ಎಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದರೂ ಉತ್ತರ ಒಂದೇ ಅಂತ ಗೊತ್ತಾಗುತ್ತದೆ. ಬಾಯಿಪಾಠ ಮಾಡಿದ ಮಗುವಿಗೆ ಅವು ಎರಡು ಬೇರೆ ಬೇರೆ ಪ್ರಶ್ನೆ.

ಮೊದಲು ಮನೆ ಭಾಷೆಯಲ್ಲಿ ಕಥೆ

ಹೆತ್ತವರ ಕೆಲಸ ಇಲ್ಲಿಂದ ಶುರು. ರಾತ್ರಿ ಊಟದ ಹೊತ್ತಿಗೆ, ಅಂಗಡಿಯವರಾದರೆ ಗಿರಾಕಿ ಕಡಿಮೆ ಇರುವ ಹೊತ್ತಿಗೆ, ಮಗುವನ್ನು ಕೂರಿಸಿ ಒಂದು ಪಾಠದ ಕಥೆ ಹೇಳಿಸಿ. ತುಳುವಿನಲ್ಲಿ ಹೇಳಲಿ, ಕೊಂಕಣಿಯಲ್ಲಿ ಹೇಳಲಿ, ಬ್ಯಾರಿಯಲ್ಲಿ ಹೇಳಲಿ, ಕನ್ನಡದಲ್ಲೇ ಹೇಳಲಿ. ನಡುನಡುವೆ "ಯಾರು?", "ಯಾಕೆ?", "ಆಮೇಲೆ ಎಂತ ಆಯ್ತು?" ಅಂತ ಕೇಳಿ. ಎಲ್ಲಿ ಮಗು ತಡವರಿಸುತ್ತದೋ ಅಲ್ಲಿ ಪಾಠ ಅರ್ಥವಾಗಿಲ್ಲ. ಮರುದಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಹತ್ತಿರ ಅಷ್ಟನ್ನೇ ಕೇಳಿಕೊಂಡು ಬರಲಿ.

ಕಥೆಗಳೂ ಹಾಗೇ ಇವೆ. ಆರ್. ಕೆ. ನಾರಾಯಣ್ ಅವರ 'ಎ ಹೀರೋ'ದಲ್ಲಿ ಸ್ವಾಮಿಯ ಅಪ್ಪ ಪೇಪರ್ ಓದುತ್ತಾ ಹುಲಿಯೊಡನೆ ಹೋರಾಡಿದ ಹುಡುಗನ ಸುದ್ದಿ ಹೇಳಿ, ಧೈರ್ಯ ಇದ್ದರೆ ನೀನು ಒಬ್ಬನೇ ಆಫೀಸು ಕೋಣೆಯಲ್ಲಿ ಮಲಗು ಅನ್ನುತ್ತಾರೆ. ಹೆದರಿ ಬೆಂಚಿನ ಕೆಳಗೆ ಸೇರಿದ ಹುಡುಗ ಕತ್ತಲಲ್ಲಿ ದೆವ್ವವೆಂದು ಕಚ್ಚಿ ಹಿಡಿದದ್ದು ಕಳ್ಳನ ಕಾಲನ್ನು. 'ದೇರ್ ಈಸ್ ಎ ಗರ್ಲ್ ಬೈ ದ ಟ್ರ್ಯಾಕ್ಸ್'ನಲ್ಲಿ ಮುಂಬೈ ಲೋಕಲ್ ಟ್ರೈನಿನಿಂದ ಬಿದ್ದ ಹುಡುಗಿಯನ್ನು ಉಳಿಸಲು ಬಾಲೇಶ್ವರ್ ಮಿಶ್ರಾ ಎಂಬ ಯುವಕ ಓಡುವ ರೈಲಿನಿಂದ ಹಾರುತ್ತಾನೆ. 'ದ ಕನ್ಸರ್ಟ್'ನಲ್ಲಿ ಕಾಯಿಲೆ ಬಿದ್ದ ಅನಂತ್‌ಗಾಗಿ ಪಂಡಿತ್ ರವಿಶಂಕರ್ ಅವರೇ ಸಿತಾರ್ ಹಿಡಿದು ಮನೆಗೆ ಬರುತ್ತಾರೆ. ಶಶಿ ದೇಶಪಾಂಡೆ ಅವರ 'ನಾರಾಯಣಪುರ್ ಇನ್ಸಿಡೆಂಟ್' 1942ರ ಕ್ವಿಟ್ ಇಂಡಿಯಾ ಚಳವಳಿಯ ಕಾಲದ್ದು. ಒಂದು ಸಲ ಕೇಳಿದರೆ ಮರೆಯುವ ಕಥೆಗಳಲ್ಲ ಇವು.

ಪಾಠ ಅಥವಾ ಪದ್ಯದ ಸಾಲು ಕೊಟ್ಟು "ಯಾರು ಹೇಳಿದ್ದು, ಯಾರಿಗೆ, ಯಾಕೆ" ಎಂದು ಕೇಳುವ 3 ಅಂಕದ ಪ್ರಶ್ನೆಗಳು ನಾಲ್ಕು ಬರುತ್ತವೆ. ಒಟ್ಟು 12 ಅಂಕ. ಇದಕ್ಕೆ ಉದ್ದದ ಇಂಗ್ಲಿಷ್ ಬೇಡ. ಕಥೆ ಗೊತ್ತಿದ್ದು ಹೆಸರುಗಳ ಸ್ಪೆಲ್ಲಿಂಗ್ ಬಂದರೆ ಸಾಕು.

ಆಮೇಲೆ ಸಣ್ಣ ವಾಕ್ಯ

ಕಥೆ ತಲೆಗೆ ಹೋದ ಮೇಲೆ, ಒಂದು ಪಾಠಕ್ಕೆ ಎಂಟರಿಂದ ಹತ್ತು ಸಣ್ಣ ಇಂಗ್ಲಿಷ್ ವಾಕ್ಯಗಳನ್ನು ಮಗುವೇ ಬರೆಯಲಿ. ಒಂದು ವಾಕ್ಯಕ್ಕೆ ಐದಾರು ಶಬ್ದ ಸಾಕು. ಆ ಹಾಳೆಯನ್ನು ಟೀಚರ್‌ಗೆ ತೋರಿಸಿ ತಿದ್ದಿಸಿಕೊಳ್ಳಲಿ. 2 ಅಂಕದ ಪ್ರಶ್ನೆಗೆ ಇದರಲ್ಲಿ ಎರಡು-ಮೂರು ವಾಕ್ಯ, 4 ಅಂಕದ ಪ್ರಶ್ನೆಗೆ ಏಳೆಂಟು ವಾಕ್ಯ ಎತ್ತಿ ಬರೆದರಾಯ್ತು. ಗೈಡ್‌ನ ಉದ್ದ ವಾಕ್ಯವನ್ನು ಅರ್ಧ ಮರೆತು ಬರೆಯುವುದಕ್ಕಿಂತ ತನ್ನದೇ ಸಣ್ಣ ವಾಕ್ಯ ಮೇಲು.

ಪದ್ಯ: ಇಲ್ಲಿ ಮಾತ್ರ ಬಾಯಿಪಾಠ

ಕಂಠಪಾಠ ಪದ್ಯಕ್ಕೆ 4 ಅಂಕ. ಕೊಟ್ಟ ಎರಡರಲ್ಲಿ ಒಂದನ್ನು ಬರೆಯುವ ಅವಕಾಶ ಇರುತ್ತದೆ. ಯಕ್ಷಗಾನದ ಪದ್ಯ ಕೇಳಿಯೇ ಕಲಿಯುವ ಊರು ನಮ್ಮದು. ಮಕ್ಕಳಿಗೆ ಇದು ಕಷ್ಟ ಆಗಬಾರದು. ದಿನಕ್ಕೆ ಎರಡು ಸಾಲು ಜೋರಾಗಿ ಹೇಳಲಿ, ಪುಸ್ತಕ ಮುಚ್ಚಿ ಬರೆಯಲಿ. ಬರೆದದ್ದನ್ನು ಪುಸ್ತಕದ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡುವ ಕೆಲಸವನ್ನು ಇಂಗ್ಲಿಷ್ ಅಕ್ಷರ ಗೊತ್ತಿರುವ ಯಾರೂ ಮಾಡಬಹುದು, ಏಳನೇ ತರಗತಿಯ ತಂಗಿಯೂ ಮಾಡಬಹುದು. ಸಾಲಿನ ಮೊದಲ ಅಕ್ಷರ ದೊಡ್ಡದಿದೆಯಾ, ಸಾಲುಗಳ ಕ್ರಮ ಸರಿ ಇದೆಯಾ, ಇವೆರಡನ್ನು ಮರೆಯದೆ ನೋಡಿ.

ಹಾಗೆಯೇ ಪದ್ಯದ ಹಿನ್ನೆಲೆ ಒಂದೆರಡು ಮಾತಿನಲ್ಲಿ ಗೊತ್ತಿರಲಿ. 'ಕ್ವಾಲಿಟಿ ಆಫ್ ಮರ್ಸಿ' ಶೇಕ್ಸ್‌ಪಿಯರ್‌ನ 'ಮರ್ಚೆಂಟ್ ಆಫ್ ವೆನಿಸ್' ನಾಟಕದ ಪೋರ್ಷಿಯಾ ಕೋರ್ಟಿನಲ್ಲಿ ಆಡುವ ಮಾತು. 'ದ ಸಾಂಗ್ ಆಫ್ ಇಂಡಿಯಾ' ಬರೆದವರು ಜ್ಞಾನಪೀಠ ಪಡೆದ ನಮ್ಮ ಕನ್ನಡದ ವಿ. ಕೃ. ಗೋಕಾಕರು.

ಪತ್ರ, ವ್ಯಕ್ತಿ ಪರಿಚಯ, ಚಿತ್ರ: ಪೇಟೆಯೇ ಪಠ್ಯ

ಪತ್ರಕ್ಕೆ 5 ಅಂಕ. ವಿಳಾಸ, ದಿನಾಂಕ, ಯಾರಿಗೆ, ವಿಷಯ, ಕೊನೆಗೆ ಸಹಿ, ಈ ಚೌಕಟ್ಟು ಪ್ರತಿ ಸಲವೂ ಒಂದೇ. ಅದನ್ನು ಕೈಗೆ ಅಭ್ಯಾಸ ಮಾಡಿಸಲು ನಿಜವಾದ ವಿಷಯ ಕೊಡಿ. ರಸ್ತೆಯ ಬೀದಿದೀಪ ಉರಿಯದಿದ್ದರೆ ಪಂಚಾಯತ್‌ಗೆ, ಕರೆಂಟು ಹೋಗುತ್ತಾ ಬರುತ್ತಾ ಇದ್ದರೆ ಮೆಸ್ಕಾಂಗೆ, ಶಾಲೆ ಬಿಡುವ ಹೊತ್ತಿಗೆ ಬಸ್ಸು ಬೇಕಿದ್ದರೆ ಧರ್ಮಸ್ಥಳ ಡಿಪೋಗೆ ವಾರಕ್ಕೊಂದು ಪತ್ರ ಬರೆಯಲಿ. ಅಂಗಡಿಯವರಿಗೆ ಅರ್ಜಿ ಬರೆದು ಗೊತ್ತೇ ಇದೆ. ವಿಷಯ ನೀವು ಕನ್ನಡದಲ್ಲಿ ಹೇಳಿ, ಮಗು ಇಂಗ್ಲಿಷ್‌ನಲ್ಲಿ ಬರೆಯಲಿ.

ಹೆಸರು, ವಯಸ್ಸು, ಕೆಲಸ ಇತ್ಯಾದಿ ವಿವರ ಕೊಟ್ಟು ಪ್ಯಾರಾ ಬರೆಯಿರಿ ಎಂಬ ಪ್ರಶ್ನೆಗೆ 3 ಅಂಕ. ಅಪ್ಪನ ಬಗ್ಗೆ, ಅಜ್ಜಿಯ ಬಗ್ಗೆ, ಪಕ್ಕದ ಟೈಲರ್ ಬಗ್ಗೆ ಬರೆದು ಕಲಿಯಲಿ. ಚಿತ್ರ ನೋಡಿ ಬರೆಯುವುದಕ್ಕೆ ಸಂಜೆಯ ಮಡಂತ್ಯಾರು ಪೇಟೆಗಿಂತ ಒಳ್ಳೆಯ ಚಿತ್ರ ಎಲ್ಲಿದೆ? ಅಂಗಡಿ ಮೆಟ್ಟಿಲಲ್ಲಿ ಕೂತು ಕಂಡದ್ದನ್ನು ಐದು ವಾಕ್ಯದಲ್ಲಿ ಬರೆದರೆ ಆ ದಿನದ ಅಭ್ಯಾಸ ಮುಗಿಯಿತು.

ವ್ಯಾಕರಣಕ್ಕೆ ಮಾತ್ರ ಶಾಲೆಯ ಟೀಚರೇ ಗತಿ. ಪ್ಯಾಸಿವ್ ವಾಯ್ಸ್, ರಿಪೋರ್ಟೆಡ್ ಸ್ಪೀಚ್, ಡಿಗ್ರೀಸ್ ಆಫ್ ಕಂಪ್ಯಾರಿಸನ್ ಇಂಥವು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದಷ್ಟೂ ಹಿಡಿತಕ್ಕೆ ಬರುತ್ತವೆ. ಮಾದರಿ ಪ್ರಶ್ನೆಪತ್ರಿಕೆಗಳು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಆಯ್ತು.

ಪರೀಕ್ಷೆಯ ಮೂರು ಗಂಟೆ

ಮನೆಯಲ್ಲಿ ಗಡಿಯಾರ ಇಟ್ಟು ಎರಡು ಸಲವಾದರೂ ಪೂರ್ತಿ ಪೇಪರ್ ಬರೆಸಿ. ಸಮಯವನ್ನು ಹೀಗೆ ಹಂಚಬಹುದು: ಓದಲು 15 ನಿಮಿಷ, 1 ಅಂಕದವಕ್ಕೆ 25, 2 ಅಂಕದವಕ್ಕೆ 35, 3 ಅಂಕದವಕ್ಕೆ 50, 4 ಅಂಕದವಕ್ಕೆ 30, ಪತ್ರಕ್ಕೆ 15, ಕೊನೆಗೆ ತಿರುಗಿ ನೋಡಲು 10. ತಪ್ಪು ಬರೆದರೆ ಅಂಕ ಕಳೆಯುವುದಿಲ್ಲ. ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡುವುದು ಬೇಡ.

ಒಂದು ಸಲ ಹೋದರೆ ಎಲ್ಲ ಹೋಯ್ತು ಅಂತಲ್ಲ

2025ರ ಪರೀಕ್ಷೆ-1ರಲ್ಲಿ ಶೇ. 91.12 ಫಲಿತಾಂಶದೊಂದಿಗೆ ದಕ್ಷಿಣ ಕನ್ನಡ ಜಿಲ್ಲೆ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ಸಂತೋಷವೇ. ಆದರೆ ಅದೇ ಲೆಕ್ಕದಲ್ಲಿ ನೂರಕ್ಕೆ ಎಂಟೊಂಬತ್ತು ಮಕ್ಕಳು ಹೊರಗೆ ಉಳಿದರು. ಅವರೂ ನಮ್ಮ ಊರಿನವರೇ, ನಾಳೆ ನಮ್ಮ ಅಂಗಡಿಗಳಿಗೇ ಕೆಲಸ ಕೇಳಿಕೊಂಡು ಬರುವವರು.

2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಒಂದು ವಿಷಯ ಹೋದರೆ ಅದನ್ನಷ್ಟೇ ಮುಂದಿನ ಪರೀಕ್ಷೆಯಲ್ಲಿ ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಫಲಿತಾಂಶದ ದಿನ ಮನೆಯಲ್ಲಿ ಬೈಗುಳ ಬೇಡ. ಪರೀಕ್ಷೆ-2ಕ್ಕೆ ನೋಂದಣಿಯ ಕೊನೆಯ ದಿನ ಯಾವಾಗ ಅಂತ ಅವತ್ತೇ ಶಾಲೆಯಲ್ಲಿ ವಿಚಾರಿಸಿ.

ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಪೇಟೆಯಲ್ಲಿ ಇನ್ನೊಂದು ಭಾಷೆ ಅರ್ಥ ಮಾಡಿಕೊಳ್ಳುವ ಮಕ್ಕಳು ಇವರು. ಭಾಷೆ ಕಲಿಯುವ ಶಕ್ತಿ ಇವರಿಗೆ ಇಲ್ಲ ಅನ್ನುವುದು ಸುಳ್ಳು. ಕಥೆ ಕೇಳಲಿಕ್ಕೆ ಪಕ್ಕದಲ್ಲಿ ಒಬ್ಬರು ಕೂರಬೇಕು, ಅಷ್ಟೇ. ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದ ಮೇಲೆ 'ಎ ಹೀರೋ'ದಿಂದಲೇ ಶುರು ಮಾಡಿ.