ಶರದೃತುವಿನ ಹಿಡಿಧಾನ್ಯ: ಗೆಜ್ಜಲಗೆರೆ ಸೀಮೆಯ ಮನೆಹಬ್ಬಗಳೂ ದಾಸೋಹ ಭಾವವೂ

ಭಾದ್ರಪದ ಕಳೆದು ಆಶ್ವಯುಜ ಮಾಸವು ಕಾಲಿರಿಸುವ ಹೊತ್ತಿಗೆ ಮದ್ದೂರು ಸೀಮೆಯಲ್ಲಿ ಮಳೆಯ ಲೆಕ್ಕವು ಉತ್ತರೆಯನ್ನು ದಾಟಿ ಹಸ್ತೆ, ಚಿತ್ತೆಗಳ ಕಡೆಗೆ ಸಾಗಿರುತ್ತದೆ. ಮಂಡ್ಯ ಜಿಲ್ಲೆಯಲ್ಲಿ ವರ್ಷದ ಅತಿ ಹೆಚ್ಚಿನ ಮಳೆ ಬೀಳುವುದು ಈ ದಿನಗಳಲ್ಲಿಯೇ. ಹೊಲದಲ್ಲಿ ರಾಗಿ ತೆನೆಯೊಡೆಯುತ್ತಿರುತ್ತದೆ. ಗದ್ದೆಯಲ್ಲಿ ಬತ್ತ ಹೊಡೆ ಬಿಡುತ್ತಿರುತ್ತದೆ. ನೋಡುವ ಕಣ್ಣಿಗೆ ನಾಡೆಲ್ಲ ಹಸಿರು. ಆದರೆ ಕಟಾವಿಗೆ ಇನ್ನೂ ಒಂದು ತಿಂಗಳೋ ಎರಡು ತಿಂಗಳೋ ಉಳಿದಿರುತ್ತದೆ. ಹಿಂದಿನ ವರ್ಷದ ಕಾಳು ಮನೆಯ ಕಣಜದಲ್ಲಿ ತಳ ಮುಟ್ಟಿರುತ್ತದೆ.

ಈ ಬಡತನದ ತಿಂಗಳುಗಳಲ್ಲಿಯೇ ನಮ್ಮ ಹಿರಿಯರು ಒಂದರ ಹಿಂದೊಂದರಂತೆ ಹಬ್ಬಗಳನ್ನು ಇರಿಸಿಕೊಂಡರು. ಮಹಾಲಯ ಅಮಾವಾಸ್ಯೆ, ನವರಾತ್ರಿ, ಆಯುಧಪೂಜೆ, ವಿಜಯದಶಮಿ, ದೀಪಾವಳಿ, ಕಾರ್ತಿಕ ಸೋಮವಾರಗಳು, ಇವೆಲ್ಲವೂ ಯಾರಿಗಾದರೂ ಏನನ್ನಾದರೂ ಕೊಡಬೇಕೆಂದು ಕೇಳುವ ಹಬ್ಬಗಳೇ ಆಗಿವೆ. ಸುಗ್ಗಿ ಮುಗಿದು ಬರುವ ಸಂಕ್ರಾಂತಿಯಲ್ಲಿ ಕೊಡುವುದು ಸುಲಭ. ಕಣದಲ್ಲಿ ರಾಶಿ ಬಿದ್ದಿರುತ್ತದೆ, ಕೈ ತಾನಾಗಿ ಮುಂದೆ ಚಾಚುತ್ತದೆ. ಶರದೃತುವಿನ ಕೊಡುಗೆ ಹಾಗಲ್ಲ. ಅದು ತನ್ನ ಊಟದಿಂದ ತೆಗೆದ ಪಾಲು. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿದಾಗ ನಮ್ಮ ಮನೆಗಳ ಹಳೆಯ ಪದ್ಧತಿಗಳ ಅರ್ಥವು ತೆರೆದುಕೊಳ್ಳುತ್ತದೆ.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ, ಮದ್ದೂರಿಗೂ ಮಂಡ್ಯಕ್ಕೂ ನಡುವೆ ಇರುವ ಗೆಜ್ಜಲಗೆರೆಯು ಇಂದು ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೈರಿಯಿಂದ ನಾಡಿಗೆ ಪರಿಚಿತವಾಗಿದೆ. ಸುತ್ತಲೂ ಕಬ್ಬು, ಬತ್ತ, ತೆಂಗು. ಈ ಸಮೃದ್ಧಿಗೆ ಇನ್ನೂ ನೂರು ವರ್ಷ ತುಂಬಿಲ್ಲವೆಂಬುದು ಗಮನಾರ್ಹ. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಗಿ, 1930ರ ದಶಕದ ಮೊದಲ ವರ್ಷಗಳಲ್ಲಿ ಇರ್ವಿನ್ ನಾಲೆಯ ನೀರು ಹರಿದ ಬಳಿಕವೇ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲು ನೀರಾವರಿಯ ಸೀಮೆಯಾಯಿತು. ಆ ನಾಲೆಯೇ ಇಂದಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೆ ಮೊದಲು ಈ ಊರುಗಳ ಬಾಳು ಮಳೆಯನ್ನೂ ಕೆರೆಯನ್ನೂ ನೆಚ್ಚಿತ್ತು. ಈ ಸೀಮೆಯ ಎಷ್ಟೋ ಊರುಗಳ ಹೆಸರಿನ ಕೊನೆಯಲ್ಲಿ ಉಳಿದಿರುವ ‘ಗೆರೆ’ ಎಂಬುದು ಆ ಕೆರೆಯ ನೆನಪೇ ಆಗಿದೆ.

ಆ ಕಾಲದ ಒಕ್ಕಲಿನ ಮನೆಯ ಧೈರ್ಯವೆಂದರೆ ರಾಗಿ. ನೆಲದಲ್ಲಿ ತೋಡಿದ ಹಗೇವಿನಲ್ಲಿ ರಾಗಿಯನ್ನು ತುಂಬಿ ಬಾಯಿ ಮುಚ್ಚಿದರೆ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಳೆ ಒಂದು ವರ್ಷ ಕೈಕೊಟ್ಟರೂ ಹಗೇವು ಕೈಹಿಡಿಯುತ್ತಿತ್ತು. ಎರಡು ವರ್ಷ ಕೈಕೊಟ್ಟರೆ ಮಾತ್ರ ಊರಿಗೆ ಊರೇ ನಡುಗುತ್ತಿತ್ತು.

ಹಾಗೆ ನಡುಗಿದ ಕಾಲವೊಂದು ಇತಿಹಾಸದಲ್ಲಿ ದಾಖಲಾಗಿದೆ. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವನ್ನು 1876ರಿಂದ 1878ರವರೆಗಿನ ಮಹಾಕ್ಷಾಮವು ಬಡಿಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಗಳ ಮುಂದೆ ನಿಂತಾಗ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾಗುತ್ತದೆ. ಒಂದು ಮನೆಯ ಹಿಡಿಧಾನ್ಯವು ನೆರೆಯವನ ಒಂದು ಹೊತ್ತನ್ನು ಕಾಯಬಲ್ಲುದೇ ಹೊರತು ಇಡೀ ನಾಡಿನ ಹಸಿವನ್ನು ನೀಗಲಾರದು. ಅದಕ್ಕೆ ಕೆರೆ ಬೇಕು, ಕಾಲುವೆ ಬೇಕು, ಕರುಣೆಯುಳ್ಳ ಆಡಳಿತ ಬೇಕು. ಆದರೆ ಕಾಲುವೆ ಬರುವವರೆಗೆ ಮನುಷ್ಯನು ಮನುಷ್ಯನಾಗಿ ಉಳಿಯುವುದಕ್ಕೆ ಆ ಹಿಡಿಧಾನ್ಯವೇ ಬೇಕು. ಹಬ್ಬಗಳು ಈ ಎರಡನೆಯ ಕೆಲಸವನ್ನು ಮಾಡುತ್ತ ಬಂದವು.

ದಸರೆಯ ಇತಿಹಾಸವನ್ನು ಹೇಳುವಾಗ ನಾವು ಸಾಮಾನ್ಯವಾಗಿ ಅರಮನೆಯ ಕಡೆಗೆ ನೋಡುತ್ತೇವೆ. ವಿಜಯನಗರದ ಮಹಾನವಮಿಯ ವೈಭವವನ್ನು 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಕಂಡು ಬರೆದಿಟ್ಟನು. ಆ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಗೆಜ್ಜಲಗೆರೆಯಿಂದ ಶ್ರೀರಂಗಪಟ್ಟಣವು ಬಹು ದೂರವೇನೂ ಅಲ್ಲ. ದರ್ಬಾರು, ಆನೆ, ಅಂಬಾರಿಗಳಿಗೆ ಗ್ರಂಥಗಳ ಸಾಕ್ಷಿಯಿದೆ, ಚಿತ್ರಗಳ ಸಾಕ್ಷಿಯಿದೆ. ಅದೇ ಹತ್ತು ದಿನಗಳಲ್ಲಿ ಹಳ್ಳಿಯ ಹಜಾರಗಳಲ್ಲಿ ನಡೆದ ಇನ್ನೊಂದು ದಸರೆಗೆ ಯಾವ ಶಾಸನವೂ ಇಲ್ಲ. ಆದರೂ ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ಸಾಗಿ ಬಂದಿದೆ.

ಆ ಮನೆದಸರೆಯ ಒಂದು ಮುಖವು ಕೂಲಿಮಠದ ಮಕ್ಕಳದು. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಹುಟ್ಟುವ ಮುನ್ನ, ಹುಟ್ಟಿದ ಮೇಲೂ ಬಹು ಕಾಲ, ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದ್ದು ಕೂಲಿಮಠಗಳೇ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ಅಯ್ಯನವರಿಗೆ ತಿಂಗಳ ಸಂಬಳವೆಂಬುದಿರಲಿಲ್ಲ. ಮಕ್ಕಳ ಮನೆಗಳಿಂದ ಬರುವ ಕಾಳುಕಡ್ಡಿಯೇ ಜೀವನ. ಮಹಾನವಮಿ, ಹಳ್ಳಿಯ ಬಾಯಲ್ಲಿ ಮಾರ್ನಾಮಿ, ಬಂದಾಗ ಅಯ್ಯನವರು ಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಮಕ್ಕಳು ಬಾಗಿಲಲ್ಲಿ ನಿಂತು ಮಾರ್ನಾಮಿಯ ಚೌಪದಗಳನ್ನು ಹಾಡುತ್ತಿದ್ದರು. ಮನೆಯವರು ಮೊರದಲ್ಲಿ ಧಾನ್ಯ, ಎಲೆಯಡಿಕೆ, ಒಂದು ಕಾಸು ತಂದು ಅಯ್ಯನವರಿಗೆ ಕೊಟ್ಟು, ಮಕ್ಕಳ ಕೈಗೆ ಕಡಲೆಪುರಿ, ಬೆಲ್ಲ ಹಾಕುತ್ತಿದ್ದರು. ಇದನ್ನು ಭಿಕ್ಷೆಯೆಂದು ಯಾರೂ ಕರೆಯಲಿಲ್ಲ. ಮಕ್ಕಳು ತಾವು ಕಲಿತ ವಿದ್ಯೆಯನ್ನು ಊರಿಗೆ ಒಪ್ಪಿಸುತ್ತಿದ್ದರು. ಊರು ಆ ವಿದ್ಯೆಯನ್ನು ಉಳಿಸಿಕೊಳ್ಳುತ್ತಿತ್ತು. ಕಣಜ ತಳ ಮುಟ್ಟಿದ ಕಾಲದಲ್ಲಿ ಊರಿನ ಗುರುವಿನ ಒಲೆ ಆರದಂತೆ ನೋಡಿಕೊಂಡ ಬಗೆ ಇದು.

ಇನ್ನೊಂದು ಮುಖವು ಬೊಂಬೆ ಹಬ್ಬ. ಹಳೆಯ ಮೈಸೂರು ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಪಟ್ಟದ ಬೊಂಬೆಗಳನ್ನು ಕೊಟ್ಟು ಕಳುಹಿಸುವ ರೂಢಿಯುಂಟು. ನವರಾತ್ರಿಯಲ್ಲಿ ಅವನ್ನು ಹಂತಹಂತವಾಗಿ ಜೋಡಿಸಿ ಸಂಜೆ ದೀಪವಿಟ್ಟು, ಬೀದಿಯ ಮಕ್ಕಳನ್ನು ಕರೆದು, ನೋಡಲು ಬಂದ ಪ್ರತಿಯೊಂದು ಮಗುವಿಗೂ ‘ಬೊಂಬೆ ಬಾಗಿನ’ವೆಂದು ತಿಂಡಿ ಕೊಡುತ್ತಾರೆ. ಬೊಂಬೆಯ ಸಾಲು ಒಂದು ನೆಪ. ಮಗುವೊಂದು ಬರಿಗೈಯಲ್ಲಿ ಹೊಸ್ತಿಲು ದಾಟಬಾರದೆಂಬುದು ಅದರ ಒಳಗಿನ ನಿಯಮ. ಬೊಂಬೆಯಿಡಲು ಶಕ್ತಿಯಿಲ್ಲದ ಮನೆಯ ಮಗುವಿಗೂ ಆ ಹತ್ತು ಸಂಜೆಗಳು ಹಬ್ಬವೇ ಆಗುತ್ತಿದ್ದವು.

ಆಯುಧಪೂಜೆಯ ದಿನ ನೇಗಿಲು, ಕುಳ, ಕುಡುಗೋಲುಗಳನ್ನು ತೊಳೆದು ಪೂಜಿಸುವಾಗ ಅವನ್ನು ಮಾಡಿಕೊಟ್ಟ ಕಮ್ಮಾರನನ್ನೂ ಬಡಗಿಯನ್ನೂ ನೆನೆದು ಎಲೆಯಡಿಕೆ, ತೆಂಗಿನಕಾಯಿ ಕೊಡುವುದು, ದುಡಿಯುವ ಆಳಿಗೆ ಹೊಸ ಪಂಚೆ ಕೊಡುವುದು ರೂಢಿಯಲ್ಲಿತ್ತು. ಕಾರ್ತಿಕ ಸೋಮವಾರಗಳಲ್ಲಿ ಮದ್ದೂರಿನ ಬಳಿ ಶಿಂಷಾ ನದಿಯ ದಡದ ವೈದ್ಯನಾಥಪುರದಂತಹ ಶಿವಾಲಯಗಳಿಗೆ ಹೊರಟವರು ತಮ್ಮ ದೀಪಕ್ಕೆಂದು ಒಯ್ದ ಎಣ್ಣೆಯಲ್ಲಿ ಎಣ್ಣೆಯಿಲ್ಲದವರ ಹಣತೆಗೂ ಒಂದಿಷ್ಟು ಹನಿಸುತ್ತಾರೆ. ಇವೆಲ್ಲವೂ ಎಷ್ಟು ಸಣ್ಣ ಕಾರ್ಯಗಳೆಂದರೆ ಮಾಡಿದವರಿಗೇ ಮರುದಿನ ನೆನಪಿರುವುದಿಲ್ಲ.

ಈ ಸಣ್ಣತನದ ಹಿರಿಮೆಯನ್ನು ತಿಳಿಯಬೇಕಾದರೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಬೇಕು. ಆಯ್ದಕ್ಕಿ ಮಾರಯ್ಯನವರ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ಸತಿ ಲಕ್ಕಮ್ಮನವರೊಡನೆ ದಾಸೋಹ ನಡೆಸುವುದು ಅವರ ನೇಮ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಫಲವೆಂದು ತಿಳಿಹೇಳಿ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬುದು ಶರಣರ ಚರಿತೆಯಲ್ಲಿ ಸುವಿದಿತ. ಹೆಚ್ಚು ತಂದರೆ ಹೆಚ್ಚು ಜನರಿಗೆ ನೀಡಬಹುದಲ್ಲವೇ ಎಂದು ಲೋಕದ ಬುದ್ಧಿ ಕೇಳುತ್ತದೆ. ಲಕ್ಕಮ್ಮನವರ ದೃಷ್ಟಿ ಬೇರೆ. ತನ್ನ ಕಾಯಕದ ಅಳತೆಗೆ ಮೀರಿದುದನ್ನು ನೀಡಿದರೆ ಅದು ದಾಸೋಹವಾಗದು. ಅಷ್ಟಿಷ್ಟೇ ಇದ್ದಾಗಲೂ ನೀಡಬಲ್ಲವನು ನಿಜವಾದ ದಾಸೋಹಿ. ಶರದೃತುವಿನ ಬರಿದಾದ ಕಣಜದ ಮುಂದೆ ನಿಂತು ಮೊರಕ್ಕೆ ರಾಗಿ ಹಾಕಿದ ಹಳ್ಳಿಯ ತಾಯಿಯು ಲಕ್ಕಮ್ಮನವರ ಹೆಸರನ್ನು ಕೇಳಿರಲಿ, ಕೇಳದಿರಲಿ, ಆ ದಾರಿಯಲ್ಲಿಯೇ ನಡೆದವಳು.

ಹಳೆಯದನ್ನೆಲ್ಲ ಹೊಗಳಿ ಮುಗಿಸುವುದು ಮಾತ್ರ ಸತ್ಯಕ್ಕೆ ಸಲ್ಲದು. ಅದೇ ಹಬ್ಬದ ದಿನ, ಅದೇ ಮನೆಯ ಹಿಂಬಾಗಿಲಲ್ಲಿ ದೂರ ನಿಂತು ಪಾಲು ಪಡೆದವರೂ ಇದ್ದರು. ವರ್ಷವಿಡೀ ಆ ಮನೆಯ ಹೊಲದಲ್ಲಿ ದುಡಿದವರಿಗೆ ಊಟವು ಪಂಕ್ತಿಯಲ್ಲಿ ಸಿಗದೆ, ಉಳಿದದ್ದು ಮೇಲಿನಿಂದ ಅವರ ಪಾತ್ರೆಗೆ ಬೀಳುತ್ತಿತ್ತು. ಬೊಂಬೆ ನೋಡಲು ಬೀದಿಯ ಮಕ್ಕಳೆಲ್ಲ ಬರುತ್ತಿದ್ದರೆಂದಾಗ ಕೇರಿಯ ಮಕ್ಕಳಿಗೆ ಆ ಬೀದಿಯೇ ತೆರೆದಿರಲಿಲ್ಲವೆಂಬುದನ್ನೂ ನೆನೆಯಬೇಕು. ಕೊಟ್ಟದ್ದು ಅದೇ ಅನ್ನವಾದರೂ ಕೊಟ್ಟ ಬಗೆಯಲ್ಲಿ ಪಡೆದವನ ಮಾನ ಹೋಗುತ್ತಿತ್ತು. ಶರಣರು ದಾನವೆಂಬ ಪದವನ್ನು ಹಿಂದಿಟ್ಟು ದಾಸೋಹವೆಂಬ ಪದವನ್ನು ಮುಂದಿಟ್ಟದ್ದು ಈ ಗಾಯವನ್ನು ಅರಿತೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನು ‘ನಾನು ದಾಸನು’ ಎಂದು ಬಾಗಿರುತ್ತಾನೆ. ಹಬ್ಬದ ಕೊಡುಗೆಯನ್ನು ಉಳಿಸಿಕೊಳ್ಳುವವರು ಹಿಂಬಾಗಿಲನ್ನು ಉಳಿಸಿಕೊಳ್ಳಲಾಗದು.

ಇಂದು ಗೆಜ್ಜಲಗೆರೆಯ ಸುತ್ತಿನ ಹಳ್ಳಿಗಳಲ್ಲಿ ಹಗೇವುಗಳು ಮುಚ್ಚಿಹೋಗಿವೆ. ಆಯುಧಪೂಜೆಗೆ ಟ್ರ್ಯಾಕ್ಟರು, ಬೈಕುಗಳು ಹೂವಿನ ಹಾರ ತೊಟ್ಟು ನಿಲ್ಲುತ್ತವೆ. ಮಕ್ಕಳು ಬೆಂಗಳೂರಿನ ಕೆಲಸದಿಂದ ಎರಡು ದಿನದ ರಜೆಗೆ ಬರುತ್ತಾರೆ. ಹೊಸ ಬಟ್ಟೆ, ಸಿಹಿ, ಪಟಾಕಿಗಳು ಹಿಂದಿಗಿಂತ ಹೆಚ್ಚಾಗಿಯೇ ಇವೆ. ಆದರೆ ಹಬ್ಬವು ಮನೆಯೊಳಗೇ ಆರಂಭವಾಗಿ ಮನೆಯೊಳಗೇ ಮುಗಿಯುತ್ತಿದೆಯೇ ಎಂಬ ಪ್ರಶ್ನೆಯನ್ನು ಸದ್ಭಕ್ತರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗಿದೆ. ಬೀದಿಯ ಕೊನೆಯಲ್ಲಿ ಒಬ್ಬಂಟಿಯಾಗಿರುವ ಮುದುಕಿ, ಕಬ್ಬು ಕಡಿಯಲು ಪರವೂರಿನಿಂದ ಬಂದು ಗುಡಿಸಲು ಹಾಕಿಕೊಂಡ ಕುಟುಂಬ, ತಂದೆಯನ್ನು ಕಳೆದುಕೊಂಡ ಮಗು, ಇವರೆಲ್ಲರೂ ಇಂದಿಗೂ ನಮ್ಮ ಹೊಸ್ತಿಲಿನಿಂದ ಕೆಲವೇ ಹೆಜ್ಜೆಗಳ ದೂರದಲ್ಲಿದ್ದಾರೆ.

ಇದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ಹಬ್ಬದ ಅಡುಗೆಯು ಒಲೆಯಿಂದ ಇಳಿದಾಗ, ಮನೆಯವರ ಎಲೆಗೆ ಬಡಿಸುವ ಮುನ್ನ, ಒಂದು ಪಾಲನ್ನು ತೆಗೆದಿರಿಸಿ ಮನೆಯ ಮಗುವಿನ ಕೈಯಲ್ಲಿ ಕಳುಹಿಸಿದರೆ ಸಾಕು. ಉಳಿದದ್ದನ್ನು ಕಳುಹಿಸುವುದಕ್ಕೂ ಮೊದಲೇ ತೆಗೆದಿರಿಸಿ ಕಳುಹಿಸುವುದಕ್ಕೂ ಇರುವ ಅಂತರವನ್ನು ಆ ಮಗು ಯಾವ ಪ್ರವಚನವೂ ಇಲ್ಲದೆ ಕಲಿಯುತ್ತದೆ. ಸಾಧ್ಯವಾದರೆ ಅವರನ್ನೇ ಮುಂಬಾಗಿಲಿನಿಂದ ಕರೆತಂದು ತಮ್ಮ ಪಕ್ಕದಲ್ಲಿ ಎಲೆ ಹಾಕಿ ಕೂರಿಸಿಕೊಳ್ಳುವುದು ಇನ್ನೂ ಲೇಸು. ಹೊಲದಲ್ಲಿ ರಾಗಿ ಇನ್ನೂ ಹಸಿಯಾಗಿರುವಾಗಲೇ ಕೈ ಮುಂದೆ ಚಾಚಲಿ. ಸುಗ್ಗಿಯವರೆಗೆ ಕಾಯಲು ಹಸಿವಿಗೆ ಪುರುಸೊತ್ತಿರುವುದಿಲ್ಲ.